ಹಳೇ ಕಾರಿನ ಅರಿಷಡ್ವರ್ಗ

ಹೆಂಡತಿಗೆ ಅಕ್ಕ ಇರುವುದು ತಪ್ಪಲ್ಲ. ಆ ಅಕ್ಕನಿಗೆ ಗಂಡ ಇರುವುದೂ ತಪ್ಪಲ್ಲ. ಆದರೆ ಆ ಗಂಡ, ಅಂದರೆ ತನ್ನ ಷಡ್ಡಕ, ಕಡಿದಾದ ಏರಿನ ತುದಿಯಲ್ಲೇ ಮನೆ ಕಟ್ಟಿಸಿ, ಅದಕ್ಕೊಂದು ಬಾಲ್ಕನಿ ಇಡಿಸಿ, ಆ ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂರುವುದು ಮಾತ್ರ ತನ್ನೊಬ್ಬನ ಮೇಲೆ ಹೂಡಿದ ಸಂಚು ಎಂದು ನಮ್ಮ ಗ್ರಂಥಪಾಲಕರು ಬಲವಾಗಿ ನಂಬಿದ್ದರು.

ನಂಬದೆ ಏನು ಮಾಡಿಯಾರು? ಅವರ ಕಾರು ಆ ಏರನ್ನು ತುಂಬಿದ ಮೈಯಲ್ಲಿ ಎಂದೂ ಹತ್ತಿದ್ದಿಲ್ಲ. ನಡುದಾರಿಯಲ್ಲಿ ಒಂದು ದೀಪದ ಕಂಬವಿದೆ. ಅಲ್ಲಿಗೆ ಬರುವ ಹೊತ್ತಿಗೆ ಕಾರಿಗೆ ಉಬ್ಬಸ ಶುರು. ಆಗ ಗ್ರಂಥಪಾಲಕರು, ಲೈಬ್ರರಿಯಲ್ಲಿ ಮಾತಾಡಿ ಮಾತಾಡಿ ರೂಢಿಯಾದ ಅದೇ ಪಿಸುದನಿಯಲ್ಲಿ, "ದಯವಿಟ್ಟು ಎಲ್ಲರೂ ಇಳೀಬೇಕು" ಎನ್ನುತ್ತಿದ್ದರು. ಹೆಂಡತಿ ಇಳಿಯುತ್ತಿದ್ದಳು. ಹೆಂಡತಿಯ ತಾಯಿ, ಮಂಡಿನೋವಿನ ಅತ್ತೆ, ಒಂದೊಂದೇ ಕಾಲನ್ನು ಎರಡೂ ಕೈಯಿಂದ ಎತ್ತಿಟ್ಟು ಇಳಿಯುತ್ತಿದ್ದರು. ಹಗುರಾದ ಕಾರು ಮೆಲ್ಲಗೆ ಮೇಲೇರುತ್ತಿತ್ತು. ಹಿಂದೆ ತಾಯಿ ಮಗಳು ಬೆವರೊರೆಸಿಕೊಳ್ಳುತ್ತ ನಡೆದು ಬರುತ್ತಿದ್ದರು. ಬಾಲ್ಕನಿಯಿಂದ ಷಡ್ಡಕ ಕೂಗುತ್ತಿದ್ದ: "ಏನಪ್ಪಾ ಲೈಬ್ರರಿ, ಹೆಂಗಸ್ರಿಗೆಲ್ಲ ವಾಕಿಂಗಾ?" ಪ್ರತಿ ಸಲವೂ ಅದೇ ಜೋಕು. ಪ್ರತಿ ಸಲವೂ ಅದಕ್ಕೆ ಮೊದಲು ನಗುವವನು ಷಡ್ಡಕನೇ.

ಹೋದ ಸಲ ಹೆಂಡತಿಯ ಚಪ್ಪಲಿ ಆ ಏರಿನಲ್ಲೇ ಕಿತ್ತುಹೋಯಿತು. ಅಕ್ಕನ ಮನೆಯ ಹೊಸ ಹಾಸುಗಲ್ಲಿನ ಮೇಲೆ ಆಕೆ ಒಂದು ಕಾಲಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಚಪ್ಪಲಿ ಇಟ್ಟುಕೊಂಡು ಪ್ರವೇಶ ಮಾಡಿದಳು. (ಆ ಕೈಯಲ್ಲಿದ್ದ ಚಪ್ಪಲಿ ಯಾರ ಕಡೆ ತಿರುಗಬಹುದೆಂದು ಗ್ರಂಥಪಾಲಕರು ಊಟ ಮುಗಿಯುವವರೆಗೂ ಕಣ್ಣಿಟ್ಟಿದ್ದರು.) ಮನೆಗೆ ಬಂದಮೇಲೆ ತೀರ್ಪು ಹೊರಬಿತ್ತು.

"ನೋಡಿ, ಮುಂದಿನ ತಿಂಗಳು ಭಾವ ರಿಟೈರಾಗ್ತಾರೆ. ಎಲ್ಲರನ್ನೂ ಊಟಕ್ಕೆ ಕರೆದಿದಾಳೆ ಅಕ್ಕ. ಅವತ್ತೇನಾದ್ರೂ ಆ ಏರಲ್ಲಿ ನಾನಾಗಲಿ ಅಮ್ಮ ಆಗಲಿ ಕಾರಿಂದ ಇಳಿಯೋ ಹಾಗಾದ್ರೆ, ಈ ಡಬ್ಬ ಅಲ್ಲಿಂದ ನೆಟ್ಟಗೆ ಗುಜರಿಗೆ. ತಿಳೀತಾ?"

ಹೆಂಡತಿ ಶಾಲೆಯಲ್ಲಿ ಡ್ರಿಲ್ ಟೀಚರು. ಕೊರಳಲ್ಲಿ ಸದಾ ಸೀಟಿ. ಇಡೀ ಮೈದಾನವನ್ನು ಒಂದು ಸೀಟಿಗೆ ನಿಲ್ಲಿಸಿ, ಇನ್ನೊಂದಕ್ಕೆ ಓಡಿಸುವ ಹೆಂಗಸು. ಅಂಥವಳು "ತಿಳೀತಾ" ಎಂದರೆ ತಿಳಿಯಲೇಬೇಕು.

"ಅಥವಾ ಒಂದ್ಸಲ ಸ್ಟೀರಿಂಗ್ ನನ್ ಕೈಗೆ ಕೊಟ್ಟು ನೋಡಿ. ಶಾಲೆ ವ್ಯಾನೇ ಓಡಿಸಿದೀನಿ ನಾನು."

"ಇದು ಸೂಕ್ಷ್ಮ ಸ್ವಭಾವದ ಗಾಡಿ ಕಣೇ," ಎಂದರು ಗ್ರಂಥಪಾಲಕರು. "ಇದರ ಮನಸ್ಸು ನನಗೊಬ್ಬನಿಗೇ ಗೊತ್ತು."

ಈ ಮಾತನ್ನು ಅವರು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದರು. ಮನೆಯಲ್ಲಿ ಟಿವಿಯ ರಿಮೋಟು ಅವರದಲ್ಲ, ಫ್ಯಾನಿನ ಸ್ವಿಚ್ಚು ಅವರದಲ್ಲ, ಭಾನುವಾರ ಏಳುವ ಹೊತ್ತೂ ಅವರದಲ್ಲ. ಅವರ ಏಕೈಕ ಸಾಮ್ರಾಜ್ಯ ಆ ಸ್ಟೀರಿಂಗು. ಅದರ ಹಿಂದೆ ಕೂತಾಗ ಮಾತ್ರ ಅವರು ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಹಾಗೆಂದು ವೇಗದ ಮನುಷ್ಯರೇನಲ್ಲ. ಸೈಕಲ್ಲುಗಳಿಗೆ ದಾರಿ ಬಿಟ್ಟು, ದನಗಳಿಗೆ ದಾರಿ ಬಿಟ್ಟು, ಇಂಜಿನ್ನಿಗೆ ನಿದ್ದೆ ಕೆಡದ ಹಾಗೆ ಓಡಿಸುವವರು. ಕಾರು ಗುಜರಿಗೆ ಹೋಗುವುದೆಂದರೆ ಅವರ ಪಾಲಿಗೆ ಪದಚ್ಯುತಿಯೇ.

ಆದ್ದರಿಂದ ಮಾರನೆಯ ದಿನವೇ ಮೆಕ್ಯಾನಿಕ್ಕಿನ ಹತ್ತಿರ ಓಡಿದರು. ಅವನಿಗೆ ಊರೆಲ್ಲ 'ನಾಳೆಬನ್ನಿ' ಎಂದೇ ಹೆಸರು. ಯಾರು ಏನು ಕೇಳಿದರೂ ಮೊದಲು ಬರುವ ಉತ್ತರ ಅದು. ಆದರೆ ಅವತ್ತು ಗ್ರಂಥಪಾಲಕರ ಗೋಳು ಕೇಳಿ ಅವನ ಕಣ್ಣು ಮಿಂಚಿದವು. ಎಳೆತನದಲ್ಲಿ ರೇಸ್ ಕಾರು ಕಟ್ಟುವ ಹುಚ್ಚು ಹಿಡಿದಿತ್ತಂತೆ ಅವನಿಗೆ. ಕಟ್ಟಲು ಕಾರು ಸಿಕ್ಕಿರಲಿಲ್ಲ, ಹುಚ್ಚೂ ಬಿಟ್ಟಿರಲಿಲ್ಲ.

"ಇಂಜಿನ್ ಸತ್ತಿಲ್ಲ ಸಾರ್. ಅದಕ್ಕೆ ಆಸೆ ಸತ್ತೋಗಿದೆ," ಎಂದ, ಬಾನೆಟ್ಟಿನೊಳಗೆ ತಲೆಯಿಟ್ಟುಕೊಂಡೇ. "ಇದರ ತಲೆ ಮೇಲೆ ಎರಡು ಸರಳು ಇರುತ್ತೆ, ಕ್ಯಾಮ್‌ಶಾಫ್ಟು. ಅದರ ಮೈಮೇಲೆಲ್ಲ ಮೊಟ್ಟೆ ಥರ ಉಬ್ಬು. ತಿರುಗಿದಾಗ ಆ ಉಬ್ಬು ವಾಲ್ವನ್ನ ಒತ್ತಿ ಬಾಯಿ ಬಿಡಿಸುತ್ತೆ. ಒಂದು ಸರಳು ಪೆಟ್ರೋಲು ಗಾಳಿ ಒಳಕ್ಕೆ ಬಿಡುತ್ತೆ, ಇನ್ನೊಂದು ಹೊಗೆ ಹೊರಕ್ಕೆ. ನಿಮ್ಮದು ಸವೆದು ಸಪಾಟಾಗಿದೆ. ಗಾಡಿ ಚಮಚದಲ್ಲಿ ಔಷಧಿ ಕುಡಿದ ಹಾಗೆ ಕುಡೀತಾ ಇದೆ. ನನ್ ಹತ್ರ ಒಂದು ಜೊತೆ ಇದೆ ಸಾರ್, ದೊಡ್ಡ ಉಬ್ಬಿಂದು. ಅದು ಹಾಕಿದ್ರೆ ಬಿಂದಿಗೆ ಎತ್ತಿ ಗಟಗಟ ಕುಡಿಯುತ್ತೆ!"

"ಏರು ಹತ್ತುತ್ತಾ?"

"ಒಂದೇ ವಿಷಯ ಸಾರ್." ಗ್ರೀಸು ಮೆತ್ತಿದ ಬೆರಳನ್ನು ಮೇಲಕ್ಕೆ ತೋರಿಸಿದ. "ಕೆಳಗೆ ಸ್ವಲ್ಪ ಮಂಕು. ಆದ್ರೆ ಮೇಲೆ ಹೋದ ಹಾಗೆ ಇದೆಯಲ್ಲ, ರಾಕ್ಷಸ!"

ಗ್ರಂಥಪಾಲಕರು ಆನಂದದಿಂದ ಕಣ್ಣು ಮುಚ್ಚಿದರು. ಕೆಳಗೆ ಎಂದರೆ ತಮ್ಮ ಮನೆ, ಮೇಲೆ ಎಂದರೆ ಷಡ್ಡಕನ ಮನೆ. ಕೆಳಗೆ ಮಂಕಾದರೆ ಕಳಕೊಳ್ಳುವುದೇನು, ಹೇಗೂ ಮನೆಯಲ್ಲಿ ತಾವೂ ಮಂಕಾಗಿಯೇ ಇರುವುದು. ಹೋಗ್ತಾ ಹೋಗ್ತಾ, ಬಾಲ್ಕನಿ ಹತ್ತಿರವಾದ ಹಾಗೆಲ್ಲ ಕಾರು ರಾಕ್ಷಸನಾಗುತ್ತದೆ! ಇದಕ್ಕಿಂತ ಇನ್ನೇನು ಬೇಕು?

ಸಂಜೆ ಕಾಫಿಯ ಹೊತ್ತಿಗೆ ಸುದ್ದಿ ಹೇಳಿದರು, ಯಥಾಪ್ರಕಾರ ಪಿಸುದನಿಯಲ್ಲಿ. ಅತ್ತೆಗೆ ಒಂದು ಕಿವಿ ಪೂರ್ತಿ ಕೇಳಿಸದು, ಇನ್ನೊಂದು ತನಗೆ ಬೇಕಾದಷ್ಟೇ ಕೇಳಿಸಿಕೊಳ್ಳುವಂಥದ್ದು.

"ಏನಂದ್ರು ಅಳಿಯಂದ್ರು? ಕಾಮಶಾಪವಾ?" ಅತ್ತೆ ಲೋಟ ಕೆಳಗಿಟ್ಟರು. "ಯಾರಿಗೆ ಶಾಪ?"

"ಶಾಪ ಅಲ್ಲಮ್ಮ, ಕ್ಯಾಮ್‌ಶಾಫ್ಟು! ಕಾರಿಗೆ!" ಹೆಂಡತಿ ಮೈದಾನದ ದನಿಯಲ್ಲಿ ಹೇಳಿದಳು.

"ಕಾರಿಗೆ ಕಾಮವಾ? ಈ ವಯಸ್ಸಲ್ಲಿ?"

"ಅದು ಎರಡಿರುತ್ತೆ ಅತ್ತೆ," ಎಂದು ಗ್ರಂಥಪಾಲಕರು ವಿಷಯ ಸ್ಪಷ್ಟಪಡಿಸಲು ಹೋದರು.

"ಎರಡಾ! ಅಯ್ಯೋ ದೇವರೇ!"

"ಹಾಗಲ್ಲ ಅತ್ತೆ. ಉಬ್ಬು ಅಂತ ಹೇಳಿದ್ನಲ್ಲ, ಅದಕ್ಕೆ ಲೋಬ್ ಅಂತಾರೆ. ಹೊಸದರಲ್ಲಿ ಲೋಬ್ ಜಾಸ್ತಿ."

"ಲೋಭವೂ ಜಾಸ್ತಿಯಾ?" ಅತ್ತೆ ಬೆರಳು ಮಡಿಸತೊಡಗಿದರು. "ಕಾಮ ಆಯ್ತು, ಲೋಭ ಆಯ್ತು. ಕ್ರೋಧ ನನ್ ಮಗಳ ಹತ್ರ ಇದ್ದೇ ಇದೆ. ಇನ್ನು ಮೋಹ, ಮದ, ಮತ್ಸರ ಬಂದುಬಿಟ್ರೆ ಆರೂ ಸೇರಿ ಕಾರಲ್ಲಿ ನಮಗೇ ಜಾಗ ಇರಲ್ಲ ನೋಡಿ."

"ಮೋಹ ಬರೋದೇನು, ಬಂದು ಕೂತು ಎಷ್ಟೋ ಕಾಲ ಆಯ್ತು," ಎಂದಳು ಹೆಂಡತಿ. "ನನಗೆ ತಲೆನೋವು ಅಂದ್ರೆ ಪೇಪರ್ ಓದ್ತಾ ಕೂತಿರ್ತಾರೆ. ಆ ಡಬ್ಬ ಒಂದು ಸಲ ಕೆಮ್ಮಿದ್ರೆ ರಜ ಹಾಕ್ತಾರೆ!"

ಅಂತೂ 'ನಾಳೆಬನ್ನಿ' ಹಲವು ನಾಳೆಗಳನ್ನು ಕಳೆದು, ಊಟದ ಹಿಂದಿನ ದಿನ ಕಾರನ್ನು ಕೊಟ್ಟ. ಗ್ರಂಥಪಾಲಕರು ಕೀಲಿ ತಿರುಗಿಸಿದರು. ಮೊದಲು ನಿಂತಲ್ಲಿ ಬೆಕ್ಕಿನ ಹಾಗೆ ಗುರುಗುಟ್ಟುತ್ತಿದ್ದ ಇಂಜಿನ್ನು ಈಗ ಢಬಕ್, ಢಬ, ಢಬಢಬಕ್ ಎಂದು ತಾಳ ತಪ್ಪಿ ಕುಣಿಯತೊಡಗಿತು. ಕಾರಿನೊಂದಿಗೆ ಸೀಟು, ಸೀಟಿನೊಂದಿಗೆ ಗ್ರಂಥಪಾಲಕರು, ಅವರೊಂದಿಗೆ ಅವರ ಕನ್ನಡಕ, ಎಲ್ಲ ಅಲುಗಿದವು. ಕನ್ನಡಿಯಲ್ಲಿ ಹಿಂದಿನ ಗೇಟು ಮೂರಾಗಿ ಕಂಡಿತು. ಎದುರು ಮನೆಯವರು ನೀರಿನ ಪಂಪು ಕೆಟ್ಟಿತೆಂದುಕೊಂಡು ಹೊರಗೆ ಬಂದರು. ಎಂಥ ಗದ್ದಲವನ್ನೂ ಒಂದು "ಶ್ಶ್!"ನಲ್ಲಿ ಅಡಗಿಸಿದ ಅನುಭವದ ಮೇಲೆ ಗ್ರಂಥಪಾಲಕರು ಬಾನೆಟ್ಟಿನ ಕಡೆ ನೋಡಿ "ಶ್ಶ್!" ಎಂದರು. ಕಾರಿಗೆ ಲೈಬ್ರರಿಯ ಸಂಸ್ಕಾರವಿರಲಿಲ್ಲ.

ಮೆಲ್ಲಗೆ ಹೊರಟರೆ ಆರಿಹೋಗುತ್ತಿತ್ತು. ತಿರುವಿನಲ್ಲಿ ಆರಿತು, ಹಾಲಿನ ಅಂಗಡಿ ಮುಂದೆ ಆರಿತು, ದನವೊಂದು ದಾರಿ ದಾಟಲೆಂದು ನಿಂತಾಗ ಆರಿತು. (ದನ ಮಾತ್ರ ದಾಟದೆ ನಿಂತು ನೋಡಿತು.)

"ಮದ ಏರಿದೆ ಅಳಿಯಂದ್ರೇ ಇದಕ್ಕೆ," ಎಂದು ಹಿಂದಿನ ಸೀಟಿನಲ್ಲಿ ಕೂತಿದ್ದ ಅತ್ತೆ ಇನ್ನೊಂದು ಬೆರಳು ಮಡಿಸಿದರು. "ಇನ್ನು ಮತ್ಸರ ಒಂದೇ ಬಾಕಿ."

"ಅದು ಷಡ್ಡಕರಿಗೆ ಬರುತ್ತೆ ಅತ್ತೆ, ನೋಡ್ತಾ ಇರಿ," ಎಂದರು ಗ್ರಂಥಪಾಲಕರು. "ಕೆಳಗೆ ಮಂಕು ಅಂತ ಮೊದಲೇ ಹೇಳಿದಾನೆ. ಮೇಲೆ ಹೋಗಲಿ, ಆಮೇಲೆ ಮಾತಾಡಿ."

ಊಟದ ದಿನ ಹೆಂಡತಿ ಹೊಸ ಚಪ್ಪಲಿ ಮೆಟ್ಟಿ ಮುಂದೆ ಕೂತಳು. ಅತ್ತೆ ಹಿಂದೆ. ಕಾರು ನಿಂತು ನಿಂತು, ಆರಿ ಆರಿ, ಕಡೆಗೂ ಏರಿನ ಬುಡಕ್ಕೆ ಬಂತು. ಮೇಲೆ ಬಾಲ್ಕನಿ ತುಂಬ ಜನ. ಷಡ್ಡಕ ನಿವೃತ್ತಿಯ ಖುಷಿಯಲ್ಲಿ, ಸಿನಿಮಾ ಶುರುವಾಗುವ ಮುಂಚೆ ಜನ ಜಾಗ ಹಿಡಿಯುವ ಹಾಗೆ, ನಾಲ್ಕಾರು ನೆಂಟರಿಗೆ ಕುರ್ಚಿ ಹಾಕಿಸಿ ಕೂರಿಸಿದ್ದ.

ಗ್ರಂಥಪಾಲಕರು ಎದೆಯುಬ್ಬಿಸಿ, ಎಂದಿನಂತೆ ಹೂವಿನ ಮೇಲೆ ಕಾಲಿಟ್ಟ ಹಾಗೆ ಎಕ್ಸಲರೇಟರಿನ ಮೇಲೆ ಕಾಲಿಟ್ಟರು. ಕಾರು ಢಬಕ್ ಎಂದು ಆರಿತು. ಮತ್ತೆ ಹಚ್ಚಿದರು. ಒಂದು ಮಾರು ಹೋಯಿತು, ಆರಿತು, ಒಂದೂವರೆ ಮಾರು ಹಿಂದೆ ಬಂತು. ಹಿಂದಿನ ಗಾಡಿಗಳು ಹಾರ್ನು ಶುರುಮಾಡಿದವು. ಮುಂಚೆ ನಡುದಾರಿಯ ದೀಪದ ಕಂಬದವರೆಗಾದರೂ ಬರುತ್ತಿದ್ದ ಕಾರು ಈಗ ಕಂಬದ ಮುಖವನ್ನೂ ನೋಡಲೊಲ್ಲದು. ಗ್ರಂಥಪಾಲಕರ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. "ದಯವಿಟ್ಟು ಎಲ್ಲರೂ..."

ಹೆಂಡತಿ ತಿರುಗಿ ನೋಡಿದಳು. "ಎಲ್ಲರೂ?"

"...ಎಲ್ಲರೂ ಕೂತಿರಿ," ಎಂದು ಅವರು ವಾಕ್ಯವನ್ನು ಪ್ರಾಣಭಯದಿಂದ ತಿರುಗಿಸಿ, 'ನಾಳೆಬನ್ನಿ'ಗೆ ಫೋನು ಹಚ್ಚಿದರು. "ರೀ, ಮೇಲೆ ಹೋದ್ರೆ ರಾಕ್ಷಸ ಅಂದ್ರಲ್ರೀ! ಇದು ಮೇಲಕ್ಕೇ ಹೋಗ್ತಿಲ್ಲ! ಏರಿನ ಬುಡದಲ್ಲೇ ಇದೀವಿ!"

"ಏರು? ಸಾರ್, ಮೇಲೆ ಅಂದ್ರೆ ಗುಡ್ಡದ ಮೇಲೆ ಅಂದ್ಕೊಂಡ್ರಾ?" ಅವನ ದನಿ ಫೋನಿನಿಂದ ಹೊರಬಿದ್ದು ಇಡೀ ಕಾರಿಗೆ ಕೇಳಿಸಿತು. "ಮುಳ್ಳು ಸಾರ್, ಮುಳ್ಳು! ನಿಮ್ಮ ಮುಂದೆ ಇಂಜಿನ್ ಸುತ್ತು ತೋರಿಸೋ ಮುಳ್ಳಿದೆಯಲ್ಲ, ಅದು ಮೇಲೆ ಹೋಗ್ಬೇಕು! ಜೋರಾಗಿ ಒತ್ತಿ! ಇಂಜಿನ್ ಕಿರುಚಬೇಕು! ಅದು ರೇಸಿನ ಕ್ಯಾಮು ಸಾರ್, ಸಾವಕಾಶ ಅಂದ್ರೆ ಅದಕ್ಕಾಗಲ್ಲ!"

ಆ ಮುಳ್ಳಿನ ಹಿಂದಿರುವ ಅಂಕಿಗಳ ಮೇಲರ್ಧ ಇರುವುದು ಬರೀ ಚೆಂದಕ್ಕೆ ಎಂದೇ ಗ್ರಂಥಪಾಲಕರು ಇಷ್ಟು ಕಾಲ ತಿಳಿದಿದ್ದರು. ಮೇಲೆ ಬಾಲ್ಕನಿ ನೋಡಿದರು, ಪಕ್ಕದಲ್ಲಿ ಹೆಂಡತಿಯನ್ನು ನೋಡಿದರು, ಕಣ್ಣು ಗಟ್ಟಿಯಾಗಿ ಮುಚ್ಚಿ ಕಾಲು ಒತ್ತಿದರು. ಇಂಜಿನ್ನು ಗರ್ಜಿಸಿತು. ಮರದ ಮೇಲಿನ ಕಾಗೆಗಳು ಎದ್ದವು. ಅಂಥ ಸದ್ದು ಅವರ ಜೀವಮಾನದಲ್ಲಿ ಅವರಿಂದ ಹೊರಟಿದ್ದಿಲ್ಲ. "ಶ್ಶ್!" ಎನ್ನುತ್ತ ತಮಗರಿವಿಲ್ಲದೆ ಕಾಲು ತೆಗೆದುಬಿಟ್ಟರು. ಕಾರು ಆರಿತು.

ಮತ್ತೆ ಒತ್ತಿದರು. ಮತ್ತೆ "ಶ್ಶ್!" ಮತ್ತೆ ಆರಿತು.

"ರೀ," ಎಂದಳು ಹೆಂಡತಿ ತಣ್ಣಗೆ. (ಆಕೆ ತಣ್ಣಗಾದರೆ ಮೈದಾನದಲ್ಲಿ ಮಕ್ಕಳು ತಾವಾಗಿಯೇ ಸಾಲು ನಿಲ್ಲುತ್ತಾರೆ.) "ನಾನೂ ಅಮ್ಮನೂ ಇಳಿದ್ರೆ ಗುಜರಿ. ನಾವಂತೂ ಇಳಿಯಲ್ಲ. ನೀವು ಇಳೀರಿ."

ಗ್ರಂಥಪಾಲಕರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಾರು ಉಳಿಯಬೇಕೋ, ಸ್ಟೀರಿಂಗು ಉಳಿಯಬೇಕೋ? ಅವರಿಗೆ ನಿಜಕ್ಕೂ ಸಂಕಟವಾಯಿತು. ಕಣ್ಣಂಚು ಒದ್ದೆಯಾಯಿತೆಂದರೂ ತಪ್ಪಲ್ಲ. ಕಡೆಗೆ ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆರೆದು, ಆ ಕಡೆಯ ಸೀಟಿಗೆ ಹೋಗೋಣವೆಂದು ಸುತ್ತು ಹಾಕತೊಡಗಿದರು. ಅಷ್ಟರಲ್ಲಿ ಹೆಂಡತಿ ಈ ಕಡೆ ಸರಿದು ಕೂತು, ಸೀಟಿಯನ್ನು ಹಲ್ಲಿಗೆ ಕಚ್ಚಿಕೊಂಡು, ಕೀಲಿ ತಿರುಗಿಸಿ, ಕಾಲನ್ನು ನೆಲಕ್ಕೆ ಒತ್ತಿಯಾಗಿತ್ತು. ಮುಳ್ಳು ಅದುವರೆಗೆ ಕಾಣದ ಊರಿಗೆ ಹೋಯಿತು.

"ತಡಿಯೇ! ನಾನಿನ್ನೂ ಹತ್ತಿಲ್ಲ!"

"ಕಾಲು ತೆಗೆದ್ರೆ ಆರುತ್ತೆ ರೀ! ನಡ್ಕೊಂಡ್ ಬನ್ನಿ!"

ಸೀಟಿ ಮೊಳಗಿತು. ಕಾರು ಎರಡೂ ಕಾಮ, ಅಷ್ಟೂ ಲೋಭ, ಹೆಂಡತಿಯ ಕ್ರೋಧ, ಎಲ್ಲವನ್ನೂ ಹೊತ್ತು ನೆಗೆಯಿತು. ಹಿಂದಿನ ಸೀಟಿನಿಂದ ಅತ್ತೆಯ "ಹೋಯ್ ಹೋಯ್!" ಎಂಬ ಉದ್ಗಾರ ಕೇಳಿತು. ಅದು ಹೆದರಿಕೆಯದೋ ಹುರುಪಿನದೋ ಗ್ರಂಥಪಾಲಕರಿಗೆ ಗೊತ್ತಾಗಲಿಲ್ಲ. ಕಂಬ ದಾಟಿತು. ಏರು ಮುಗಿಯಿತು. ಬಾಲ್ಕನಿಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಖಾಲಿ ರಸ್ತೆಯಲ್ಲಿ ಒಬ್ಬರೇ, ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ, ಗ್ರಂಥಪಾಲಕರು ನಡೆದು ಬಂದರು. ಕಂಬದ ಹತ್ತಿರ ಸ್ವಲ್ಪ ನಿಂತು ಅದನ್ನು ಹಿಡಿದುಕೊಂಡರು. ಹೆಂಗಸರು ಇಷ್ಟು ಸಲ ಇದನ್ನು ಹೇಗೆ ನಡೆದರೋ ಎಂದು ಅವರಿಗೆ ಮೊದಲ ಬಾರಿಗೆ ಆಶ್ಚರ್ಯವಾಯಿತು.

"ಏನಪ್ಪಾ ಲೈಬ್ರರಿ," ಮೇಲಿನಿಂದ ಷಡ್ಡಕ ಕೂಗಿದ, "ಇವತ್ತು ಗಂಡಸರ ಸರದಿಯಾ?" ಜೋಕು ಹೊಸದಾಗಿತ್ತು. ಎಲ್ಲರೂ ನಕ್ಕರು.

ಊಟವಾಗಿ ಹೊರಡುವಾಗ ಗ್ರಂಥಪಾಲಕರು ಲಗುಬಗೆಯಿಂದ ಹೋಗಿ ಸ್ಟೀರಿಂಗ್ ಕಡೆಯ ಬಾಗಿಲಿಗೆ ಕೈ ಹಾಕಿದರು. ಒಳಗೆ ಆಗಲೇ ಹೆಂಡತಿ ಕೂತಿದ್ದಳು.

"ಇಳಿಜಾರು ಕಣೇ," ಎಂದರು ಪಿಸುದನಿಯಲ್ಲಿ. "ಇಳಿಯೋದಕ್ಕೆ ನಾನೇ ಸಾಕು."

"ಬೇಡ ರೀ. ಸೂಕ್ಷ್ಮ ಸ್ವಭಾವದ ಗಾಡಿ ಇದು," ಎಂದಳು ಆಕೆ ಕನ್ನಡಿ ಸರಿಮಾಡಿಕೊಳ್ಳುತ್ತ. "ಇದರ ಮನಸ್ಸು ನನಗೊಬ್ಬಳಿಗೇ ಗೊತ್ತು."

ಮುಂದಿನ ಸೀಟಿನಲ್ಲಿ ಅಕ್ಕ ಕಟ್ಟಿಕೊಟ್ಟ ಊಟದ ಡಬ್ಬಿಗಳು ಕೂತಿದ್ದವು. ಗ್ರಂಥಪಾಲಕರು ಹಿಂದೆ ಅತ್ತೆಯ ಪಕ್ಕ ಕೂತು, ಹೆಂಡತಿಯ ಕೈಯಲ್ಲಿ ಸಲೀಸಾಗಿ ತಿರುಗುತ್ತಿದ್ದ ತಮ್ಮ ಸ್ಟೀರಿಂಗನ್ನೇ ದಿಟ್ಟಿಸಿದರು. ಅತ್ತೆ ಅಳಿಯನ ಮುಖವನ್ನು ಒಂದು ಗಳಿಗೆ ನೋಡಿ, ಇನ್ನೊಂದು ಕೈಯ ಕಿರುಬೆರಳನ್ನೂ ಸಾವಕಾಶವಾಗಿ ಮಡಿಸಿದರು.

"ಮತ್ಸರ," ಎಂದರು. "ಆರೂ ಬಂತು ನೋಡಿ ಅಳಿಯಂದ್ರೇ. ಸ್ವಲ್ಪ ಆಚೆ ಸರೀರಿ, ಜಾಗ ಸಾಲ್ತಿಲ್ಲ."