ಕಾಂದೇಪೋಹೆ ತಿಂದು ಹೋದ ಸಾಲದ ಏಜೆಂಟರು

ನಮ್ಮ ಕಾಕಾನ ಮುಂದೆ ಸಾಕ್ಷಾತ್ ವಿಠ್ಠಲನೇ ಪ್ರತ್ಯಕ್ಷನಾಗಿ "ಭಕ್ತಾ, ಏನು ವರ ಬೇಕು ಕೇಳು" ಎಂದನೆನ್ನಿ. ಕಾಕಾ ವರ ಕೇಳುವುದಿಲ್ಲ. "ಅದು ಆಮ್ಯಾಲೆ. ಮೊದಲ ಇದನ್ನ ಹೇಳ್ರಿ, ಈ ವರಕ್ಕ ಕಂಡೀಶನ್ ಏನರ ಅದಾವೇನು? ನೀವು ಖುದ್ದ ಕೊಡ್ತೀರೋ, ನಡುವ ಯಾರರ ಅದಾರೋ?" ಎಂದು ಕೇಳುತ್ತಾರೆ. ವಿಠ್ಠಲ ಸೊಂಟದ ಮೇಲಿನ ಕೈ ತೆಗೆದು ಹಣೆಗೆ ಹಚ್ಚಿಕೊಳ್ಳುವುದು ಖಂಡಿತ!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ವಿಜಯಪುರದ ಕಡೆಯಿಂದ ಪುಣೆಗೆ ಬಂದು, ಭೋಸರಿಯ ಒಂದು ಕಾರ್ಖಾನೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ತಯಾರಾಗಿ ಬಂದ ಗಿಯರುಗಳನ್ನು ಅಳೆದು ನೋಡಿ "ಪಾಸ್" ಅಥವಾ "ರಿಜೆಕ್ಟ್" ಅನ್ನುವುದು ಅವರ ಕೆಲಸ. ಸಂಜೆ ಕಂಪನಿ ಬಸ್ಸಿನಿಂದ ಇಳಿದ ಮೇಲೂ ಆ ಕೆಲಸ ನಿಲ್ಲುವುದಿಲ್ಲ ಎನ್ನುವುದೇ ನಮ್ಮೆಲ್ಲರ ತಾಪತ್ರಯ. ಒಮ್ಮೆ ಜ್ವರ ಬಂದು ಡಾಕ್ಟರ ಹತ್ತಿರ ಹೋದಾಗ, "ಇದರಾಗ ನಿಮಗ ಏನು ಕೇಳಸ್ತದ? ನನಗೂ ಒಂದೀಟು ಕೇಳಸ್ರಿ" ಎಂದು ಸ್ಟೆತಾಸ್ಕೋಪು ಇಸಿದುಕೊಂಡರು. ತಮ್ಮ ಎದೆ ಕೇಳಿದರು. ಸಾಲದೆಂದು ಡಾಕ್ಟರ ಎದೆಗೂ ಹಚ್ಚಿದರು. ಹೊರಗೆ ಪೇಶಂಟುಗಳು ಸಾಲುಗಟ್ಟಿ ಕೂತಿದ್ದಾರೆ, ಒಳಗೆ ಕಾಕಾ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಾರೆ: "ನಿಮ್ಮದು ಭಾಳ ಜೋರ ಬಡ್ಕೊಳ್ಳಾಕತ್ತದ್ರಿ. ಯಾರಿಗರ ತೋರಿಸಿಕೋರಿ!"

ಮದುವೆಗೆ ಮೊದಲು ಕಾಕೂನ, ಅಂದರೆ ನಮ್ಮ ಚಿಕ್ಕಮ್ಮನ, ನೋಡಲು ಹೋದಾಗಲೂ ಇದೇ ಕತೆಯಂತೆ. ಹುಡುಗಿ ತಲೆ ತಗ್ಗಿಸಿ ಕೂತಿದ್ದರೆ ಈ ಮಹಾರಾಯರು ಹುಡುಗಿಯ ಅಪ್ಪನಿಗೆ ಅವರ ಹಿತ್ತಿಲ ಬಾವಿ ಎಷ್ಟು ಆಳ, ಒಳಗೆ ಕಲ್ಲು ಕಟ್ಟಿದವರು ಯಾರು ಎಂದು ವಿಚಾರಿಸುತ್ತ ಕೂತರಂತೆ. "ನನ್ನ ಹೆಸರ ಸೈತ ಕೇಳ್ಲಿಲ್ಲವ್ವ ಈ ಮನುಷ್ಯಾ" ಎಂದು ಕಾಕೂ ಇವತ್ತಿಗೂ ಹೇಳುತ್ತಾರೆ. ಹೇಳುವಾಗ ನಗುತ್ತಾರೆ, ಆದರೆ ಪೂರ್ತಿ ನಗುವುದಿಲ್ಲ.

ನಾನು ಪುಣೆಯ ಹಿಂಜವಡಿಯಲ್ಲಿ ಕೆಲಸ ಸಿಕ್ಕ ಮೇಲೆ ವಾಕಡದಲ್ಲಿರುವ ಇವರ ಫ್ಲ್ಯಾಟಿನಲ್ಲೇ ಠಿಕಾಣಿ ಹೂಡಿದವಳು. ಫ್ಲ್ಯಾಟಿನ ಮೇಲೆ ಸಾಲವಿದೆ. ತಿಂಗಳ ಕಂತಿಗೆ ಕಾಕಾನ ಮಾತಿನಲ್ಲಿ ಹಪ್ತೆ ಎಂದು ಹೆಸರು. ಅವರ ಪಗಾರದಲ್ಲಿ ಹಪ್ತೆ ಪೂರ್ತಿ ಹುಟ್ಟುವುದಿಲ್ಲ. ಉಳಿದದ್ದು ಹುಟ್ಟುವುದು ಕಾಕೂನ ರೊಟ್ಟಿಯಿಂದ. ನಮ್ಮ ಸೊಸೈಟಿಯ, ಅಂದರೆ ಅಪಾರ್ಟ್‌ಮೆಂಟಿನ, ತುಂಬ ಐಟಿ ಹುಡುಗ ಹುಡುಗಿಯರು. ಊರಿನ ಊಟಕ್ಕೆ ಬಾಯಿ ಬಿಡುವ ಅವರಿಗೆಲ್ಲ ಕಾಕೂ ಬೆಳಕು ಹರಿಯುವ ಮೊದಲೇ ಎದ್ದು ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರು. ಬಡಿದು ಬಡಿದು ಒಂದು ದಿನ ಬಲಗೈ ಮೇಲೇಳಲಿಲ್ಲ. ಕೂದಲು ಬಾಚಿಕೊಳ್ಳಲೂ ನನ್ನನ್ನು ಕರೆಯಬೇಕಾಯಿತು. ಡಾಕ್ಟರು ಭುಜ ಒತ್ತಿ ನೋಡಿ "ಭಾಕರೀ ಬಂದ್" ಎಂದರು, ರೊಟ್ಟಿ ಬಡಿಯುವುದು ನಿಲ್ಲಿಸಿ ಅಂತ. "ಭಾಕರಿ ಬಂದ್ ಮಾಡಿದ್ರ ಹಪ್ತೆ ಡಾಕ್ಟರ ಕಟ್ತಾರೇನು?" ಎಂದು ಕಾಕೂ ಮರುದಿನ ಮತ್ತೆ ಒಲೆ ಹಚ್ಚಿದರು.

ಅದೇ ವಾರ ಕಾಕಾ ಕಂಪನಿ ಬಸ್ಸಿನಲ್ಲಿ ಯಾರೋ ಹೇಳಿದ ಸುದ್ದಿ ಹೊತ್ತು ತಂದರು. ಸಾಲವನ್ನು ಒಂದು ಬ್ಯಾಂಕಿನಿಂದ ಎತ್ತಿ ಕಡಿಮೆ ಬಡ್ಡಿಯ ಇನ್ನೊಂದು ಬ್ಯಾಂಕಿಗೆ ಹಾಕಬಹುದಂತೆ! "ರಿಟಾಯರ್ ಆಗೂದ್ರಾಗ ಸಾಲ ಮುಗೀಬೇಕು. ಕಡೀ ದಿನ ಕಂಪನಿ ಗೇಟ್ ದಾಟುವಾಗ ನಾ ಯಾರಿಗೂ ಏನೂ ಕೊಡೂದಿರಬಾರದು" ಎನ್ನುವುದು ಅವರ ಹಳೇ ಹಟ. ಈಗಿನ ಲೆಕ್ಕದಲ್ಲಿ ಸಾಲ ನಿವೃತ್ತಿಯನ್ನು ದಾಟಿ ಇನ್ನೂ ಮುಂದಕ್ಕೆ ಓಡುತ್ತಿತ್ತು. ಆದ್ದರಿಂದ ಬ್ಯಾಂಕು ಬದಲಿಸುವುದು ಪಕ್ಕಾ ಆಯಿತು. ಉಳಿದದ್ದು ಒಂದೇ ಪ್ರಶ್ನೆ: ಏಜೆಂಟನನ್ನು ಹಿಡಿಯಬೇಕೋ, ಖುದ್ದಾಗಿ ಹೋಗಬೇಕೋ?

ನಮ್ಮಂಥವರಿಗೆ ಇದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಪ್ರಶ್ನೆ. ಕಾಕಾನಿಗೆ?

"ಏಜೆಂಟ ಯಾಕ ಬೇಕು? ಬ್ಯಾಂಕ ಇದೇ ಊರಾಗ ಅದ, ನನಗ ಕಾಲ ಅದಾವ" ಎಂದು ಅರ್ಧ ದಿನ ರಜೆ ಹಾಕಿ ಒಂದು ಬ್ಯಾಂಕಿಗೆ ಹೋದರು. ಜೊತೆಗೆ ನಾನೂ ಇದ್ದೆ. ಅಲ್ಲಿನ ಸಾಹೇಬರು ಬಲು ಸಜ್ಜನರು, ಕುರ್ಚಿ ಕೊಟ್ಟರು. ಅದೇ ತಪ್ಪಾಯಿತು! "ಪ್ರೋಸೆಸಿಂಗ್ ಫೀ ಅಂತೀರಲ್ಲ, ಏನು ಪ್ರೋಸೆಸ್ ಮಾಡ್ತೀರಿ? ಮಶೀನ್ ಇದ್ರ ತೋರಸ್ರಿ." "ಬಡ್ಡಿ ಏರಿದ್ರ ಹೇಳಿ ಏರಸ್ತೀರೋ, ಸುಮ್ಮನ ಏರಸ್ತೀರೋ?" ಸಾಹೇಬರ ಊಟದ ಹೊತ್ತು ಬಂತು, ಹೋಯಿತು. ಡಬ್ಬಿ ಮೇಜಿನ ಮೇಲೇ ತಣ್ಣಗಾಯಿತು. ಕೊನೆಗೆ ಅವರು ಕೈಮುಗಿದು ಒಂದು ಫೋನ್ ನಂಬರು ಬರೆದುಕೊಟ್ಟರು: "ಇವರು ನಿಮ್ಮ ಮನೆಗೇ ಬಂದು ಎಲ್ಲಾ ತಿಳಿಸಿ ಹೇಳುತ್ತಾರೆ." ಅದು ಏಜೆಂಟನ ನಂಬರು!

"ನೋಡು ಹುಡುಗಿ, ನಾ ಏಜೆಂಟ ಬ್ಯಾಡಂತ ಬ್ಯಾಂಕಿಗೆ ಬಂದ್ರ ಬ್ಯಾಂಕ ನನ್ನ ಏಜೆಂಟನ ಕಡೆ ಕಳಸಾಕತ್ತದ!" ಎಂದು ಕಾಕಾ ರಸ್ತೆಯಲ್ಲೇ ನಿಂತು ನಕ್ಕರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಕುತೂಹಲ ಕೆರಳಿತ್ತು. ಅದು ಸಿಟ್ಟಿಗಿಂತ ಅಪಾಯ.

ಮುಂದೆ ಇನ್ನೊಂದು ವಿಷಯ ತಿಳಿಯಿತು. ಏಜೆಂಟರು ನಮ್ಮಿಂದ ಬಿಡಿಗಾಸೂ ತೆಗೆದುಕೊಳ್ಳುವುದಿಲ್ಲವಂತೆ, ಅವರಿಗೆ ಬ್ಯಾಂಕೇ ಕೊಡುತ್ತದಂತೆ. ಇದನ್ನು ಕೇಳಿದ್ದೇ ಕಾಕಾನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ನನ್ನ ಕಡೆ ರೊಕ್ಕ ತಗೊಳ್ಳಲಾರದಾಂವ ನನ್ನ ಕೆಲಸ ಯಾಕ ಮಾಡ್ತಾನ? ಅಂವಾ ನಮ್ಮ ಮಂದಿಯೋ, ಅವರ ಮಂದಿಯೋ?" ಉತ್ತರ ನಿಮಗೆ ಗೊತ್ತೇ?

ಸರಿ, ಏಜೆಂಟರನ್ನೇ ಮನೆಗೆ ಕರೆದು ಕೇಳುವುದೆಂದು ತೀರ್ಮಾನವಾಯಿತು. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಕಾಕೂಗೆ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ಎಂದ ಮೇಲೆ ಉಳ್ಳಾಗಡ್ಡಿ ಹಾಕಿದ ಅವಲಕ್ಕಿ, ಮೇಲೆ ಕೊತ್ತಂಬರಿ, ಪಕ್ಕದಲ್ಲಿ ಲಿಂಬೆಹೋಳು. ಇದಕ್ಕೆ ಪುಣೆಯಲ್ಲಿ ಕಾಂದೇಪೋಹೆ ಎನ್ನುತ್ತಾರೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಈ ಊರಿನಲ್ಲಿ ಕಾಂದೇಪೋಹೆ ಅಂದರೆ ಹುಡುಗಿ ನೋಡುವ ಶಾಸ್ತ್ರವೂ ಹೌದು. ವರನ ಕಡೆಯವರಿಗೆ ಕೊಡುವ ತಿಂಡಿಯೇ ಅದು!

ಮೊದಲ ಭಾನುವಾರ ಬಂದ ಏಜೆಂಟನದು ಇಸ್ತ್ರಿ ಶರ್ಟು, ಹೊಳೆಯುವ ಬೂಟು, ಕಂಕುಳಲ್ಲಿ ಫೈಲು. ಕಾಕಾ ಏನು ಕೇಳಿದರೂ "ಟೆನ್ಶನ್ ಘ್ಯಾಯ್ಚ ನಾಹೀ, ಕಾಕಾ!" ಎನ್ನುತ್ತಿದ್ದ. ಟೆನ್ಶನ್ ತಗೋಬೇಡಿ ಅಂತ. "ನನಗ ಟೆನ್ಶನ್ ಇಲ್ಲ ತಮ್ಮಾ, ಪ್ರಶ್ನೆ ಅದಾವ" ಎಂದರು ಕಾಕಾ. ಅವನು ತಟ್ಟೆ ಖಾಲಿ ಮಾಡಿ ಹೋದ ಮೇಲೆ ಅಡುಗೆಮನೆಯತ್ತ ತಿರುಗಿ ಕೂಗಿದರು: "ರಿಜೆಕ್ಟ್!"

ಎರಡನೆಯವನು ಒಂದು ಬ್ಯಾಂಕನ್ನು ಬಾಯ್ತುಂಬ ಹೊಗಳಿದ. ಇಡೀ ದೇಶದಲ್ಲಿ ಅಂಥ ಬ್ಯಾಂಕಿಲ್ಲ, ಕಣ್ಣು ಮುಚ್ಚಿಕೊಂಡು ಸಹಿ ಹಾಕಿ ಎಂದ. ಕಾಕಾ ಇನ್ನಷ್ಟು ಅವಲಕ್ಕಿ ಹಾಕಿಸಿ ಮೆಲ್ಲಗೆ ಕೇಳಿದರು, "ನಿಮ್ಮ ಮನಿ ಸಾಲ ಯಾವ ಬ್ಯಾಂಕಿನ್ಯಾಗ ಅದ?" ಪಾಪ, ಹುಡುಗ ಬಾಯಲ್ಲಿ ತುತ್ತಿಟ್ಟುಕೊಂಡೇ ಬೇರೆ ಬ್ಯಾಂಕಿನ ಹೆಸರು ಹೇಳಿಬಿಟ್ಟ!

ಅಂದು ಸಂಜೆ ಲಿಫ್ಟಿನಲ್ಲಿ ಎದುರು ಮನೆಯ ಮಾವಶಿ ನನ್ನ ಗಲ್ಲ ಹಿಂಡಿದರು. "ಎರಡು ಭಾನುವಾರದಿಂದ ನೋಡುತ್ತಿದ್ದೇನೆ. ಬೂಟಿನವನು ಚೆನ್ನಾಗಿದ್ದ. ಯಾಕೆ ಬೇಡ ಅಂದಿರಿ?"

"ಅವನ ಬಡ್ಡಿ ಜಾಸ್ತಿ ಇತ್ತು, ಮಾವಶಿ" ಎಂದೆ, ಯಾವುದೋ ಗುಂಗಿನಲ್ಲಿ. ಮಾವಶಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಈ ಕಾಲದಲ್ಲಿ ಬಡ್ಡಿ ವ್ಯವಹಾರದವನಿಗೆ ಹುಡುಗಿ ಕೊಡುತ್ತಾರೆಯೇ ಎಂದು ಸೊಸೈಟಿಯ ತುಂಬ ಸುದ್ದಿಯಾಯಿತು. ನನ್ನ ಮದುವೆ ಇನ್ನೂ ಆಗದಿರುವುದಕ್ಕೆ ಕಾರಣ ಹುಡುಕುವವರು ದಯವಿಟ್ಟು ಕಾಕಾನನ್ನು ಸಂಪರ್ಕಿಸಬೇಕು!

ಮೂರನೆಯ ಸಲ ಬಂದದ್ದು ಸೊಲ್ಲಾಪುರದ ಒಬ್ಬ ಹೆಣ್ಣುಮಗಳು. ಕಾಕೂಗಿಂತ ಸ್ವಲ್ಪ ಚಿಕ್ಕವರು, ಕೈಯಲ್ಲಿ ಹೆಲ್ಮೆಟ್ಟು, ಬಾಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಮಾವಶಿ ಬಾಗಿಲ ಸಂದಿಯಿಂದ ನೋಡಿ, ಇವರು ಹುಡುಗನ ತಾಯಿ ಎಂದುಕೊಂಡು ನಮಸ್ಕಾರ ಮಾಡಿದರು.

ಕಾಕಾ ಶುರು ಹಚ್ಚಿದರು. "ನಿಮಗ ರೊಕ್ಕ ಯಾರು ಕೊಡ್ತಾರ?"

"ಬ್ಯಾಂಕ ಕೊಡ್ತದ್ರಿ ಕಾಕಾ. ಸಾಲ ದೊಡ್ಡದಿದ್ರ ನನಗ ಹೆಚ್ಚ, ಸಣ್ಣದಿದ್ರ ಕಡಿಮಿ."

"ಹಂಗಾರ ನೀವು ಬ್ಯಾಂಕಿನ ಕಡೆಯವರು?"

"ಹೌದ್ರಿ. ಅದಕ್ಕ ನೀವು ನಾ ಹೇಳಿದ್ದೆಲ್ಲಾ ನಂಬಬ್ಯಾಡ್ರಿ. ಮೂರ್ನಾಲ್ಕು ಬ್ಯಾಂಕಿನ ದರ, ಖರ್ಚು ಎಲ್ಲಾ ಬರದು ಕೊಡ್ತೀನಿ. ನೀವ ಹೋಗಿ ತಾಳೆ ಹಾಕ್ರಿ." ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಆಕೆಯೇ ಒಂದು ಪ್ರಶ್ನೆ ಎಸೆದರು. "ಕಾಕಾ, ನಿಮ್ಮ ಈಗಿನ ಬ್ಯಾಂಕಿಗೆ ಕೇಳೀರೇನು, ಬಡ್ಡಿ ಇಳಸ್ರಿ ಅಂತ?"

ಊರಿಗೆ ಊರನ್ನೇ ಕೇಳಿದ ಕಾಕಾ ಸ್ವಂತ ಬ್ಯಾಂಕನ್ನು ಕೇಳಿರಲಿಲ್ಲ! "ಮೊದಲ ಅಲ್ಲಿ ಹೋಗ್ರಿ. ಅವರ ಇಳಿಸಿದ್ರ ಎಲ್ಲಾ ಖರ್ಚು, ಓಡಾಟ ಉಳೀತದ, ನಾನೂ ಬೇಕಾಗಿಲ್ಲ. ಇಳಿಸಲಿಲ್ಲ ಅಂದ್ರ ಫೋನ್ ಮಾಡ್ರಿ" ಎಂದು ಆಕೆ ಹೆಲ್ಮೆಟ್ಟು ಹಾಕಿಕೊಂಡರು. ಆಕೆಯ ಸ್ಕೂಟರು ಗೇಟು ದಾಟುವವರೆಗೂ ಕಾಕಾ ಬಾಲ್ಕನಿಯಲ್ಲಿ ನಿಂತಿದ್ದರು. "ಪಾಸ್" ಎಂದರು ಮೆಲ್ಲಗೆ.

ಹಳೇ ಬ್ಯಾಂಕು ಇಳಿಸಿತು. ಆದರೆ ಜಿಪುಣರ ಮನೆಯಲ್ಲಿ ತುಪ್ಪ ಬಡಿಸಿದ ಹಾಗೆ, ವಾಸನೆಗಷ್ಟೇ. ಕಾಕಾ ಆಕೆ ಕೊಟ್ಟ ದರಗಳನ್ನು ಹಿಡಿದು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆದು ತಾಳೆ ನೋಡಿದರು. ಎಲ್ಲವೂ ಸರಿ ಇತ್ತು. ಖುದ್ದಾಗಿ ಹೋದರೂ ಅದೇ ಬಡ್ಡಿ, ಆಕೆಯ ಮೂಲಕ ಹೋದರೂ ಅದೇ ಬಡ್ಡಿ. "ಕೇಳೂ ಕೆಲಸ ನಂದು, ಓಡಾಡೂ ಕೆಲಸ ಆಕಿದು" ಎಂದು ಕೊನೆಗೂ ಆಕೆಗೆ ಫೋನು ಮಾಡಿದರು.

ಸಾಲ ಮಂಜೂರಾದ ಶನಿವಾರ ಸಂಜೆ ಆಕೆ ಕಾಗದ ತೆಗೆದುಕೊಂಡು ಬಂದರು. ಕಾಕೂ ಚಹಾ ತಂದು, ಎಡಗೈಯಲ್ಲೇ ಕಪ್ಪು ಇಟ್ಟರು. "ಇನ್ನ ಒಂದ ಮಾತ್ರಿ ಕಾಕಾ," ಎಂದರು ಆಕೆ, "ಬಡ್ಡಿ ಇಳದದ. ಹಪ್ತೆ ಈಗಿದ್ದಷ್ಟ ಇಟ್ರ ವರ್ಷ ಕಡಿಮಿ ಆಗ್ತಾವ, ನೀವು ರಿಟಾಯರ್ ಆಗೂದ್ರಾಗ ಸಾಲ ಖಲಾಸ್. ವರ್ಷ ಹಂಗ ಇಟ್ರ ಹಪ್ತೆ ಇಳೀತದ. ಮೊದಲನೇದ ಚಲೋ. ಬಡ್ಡಿ ಭಾಳ ಉಳೀತದ."

ಕಾಕಾನ ಕನಸು ಎದುರಿಗೇ ಬಂದು ಕೂತಿತ್ತು. ನಾನು ಪೇಢೆಯ ಡಬ್ಬಿ ತೆರೆಯಲು ಹೊರಟಿದ್ದೆ.

"ಹಪ್ತೆ ಇಳಸ್ರಿ" ಎಂದರು ಕಾಕಾ.

"ರಿಟಾಯರ್ ಆದ ಮ್ಯಾಲೂ ಕಟ್ಟಬೇಕಾಗ್ತದ್ರಿ!"

"ಗೊತ್ತದ. ಕಟ್ತೀನಿ. ಎಲ್ಲೆರ ಕೆಲಸ ನೋಡ್ಕೋತೀನಿ."

ಕಾಕೂ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ಏನ್ರೀ ಇದು? ಇಷ್ಟು ವರ್ಷದಿಂದ ಒಂದ ಜಪ ಮಾಡೀರಿ, ಈಗ ಬಿಡ್ತೀರೇನು? ನಾ ಇನ್ನೊಂದಿಷ್ಟು ವರ್ಷ ಬಡೀತೀನಿ, ನನಗೇನಾಗೇದ?"

"ನಾಳಿಂದ ನೀ ಬಡಿಯಂಗಿಲ್ಲ" ಎಂದರು ಕಾಕಾ. ದನಿ ಏರಿಸಲಿಲ್ಲ. ಹಪ್ತೆಯಲ್ಲಿ ಇಳಿಯುವ ಮೊತ್ತ ಹೆಚ್ಚುಕಡಿಮೆ ರೊಟ್ಟಿಯ ದುಡ್ಡಿನಷ್ಟೇ ಇತ್ತು. ಅದನ್ನು ಅವರು ಯಾವಾಗ ಲೆಕ್ಕ ಹಾಕಿಟ್ಟುಕೊಂಡಿದ್ದರೋ, ನಮಗ್ಯಾರಿಗೂ ಗೊತ್ತಾಗಿರಲಿಲ್ಲ. ಕಾಕೂ ತೊದಲುತ್ತ, "ನಾಳಿಗಂತ ಹಿಟ್ಟು ಬೀಸಿಸಿ ತಂದೀನಲ್ರಿ. ಅದನ್ನೇನು ಮಾಡ್ಲಿ?" ಎಂದರು.

"ನಾ ಬಡೀತೀನಿ. ಬಂದವರಿಗೆ ನಾಳಿ ಒಂದ ದಿನ ಕೊಟ್ಟು, ಇನ್ನ ಇಲ್ಲಂತ ಹೇಳೋಣು."

ಭಾನುವಾರ ಬೆಳಿಗ್ಗೆ ಪಾತ್ರೆಯ ಸದ್ದಿಗೆ ಎದ್ದು ಅಡುಗೆಮನೆಗೆ ಬಂದರೆ ಕಾಕಾ ಲುಂಗಿ ಮೇಲಕ್ಕೆ ಕಟ್ಟಿ ಒಲೆಯ ಮುಂದೆ ನಿಂತಿದ್ದರು. ಮೊಳಕೈವರೆಗೂ ಹಿಟ್ಟು. "ನೀರು ಎಷ್ಟು ಕುದೀಬೇಕು? ಎಷ್ಟೊತ್ತು ನಾದಬೇಕು? ನಡುವ ದಪ್ಪ ಉಳೀತದಲ್ಲ, ಅದನ್ನ ಹ್ಯಾಂಗ ತೆಳ್ಳಗ ಮಾಡ್ತಿ?" ಕಾಕೂ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದರು. ಜಗತ್ತಿನ ಎಲ್ಲದರ ಬಗ್ಗೆ ಕೇಳಿದ ಈ ಮನುಷ್ಯ, ದಿನಾ ತಾಟಿಗೆ ಬಂದು ಬೀಳುವ ರೊಟ್ಟಿಯ ಬಗ್ಗೆ ಅದುವರೆಗೆ ಏನನ್ನೂ ಕೇಳಿರಲಿಲ್ಲ. ಮೊದಲ ರೊಟ್ಟಿ ಹರಿಯಿತು. ಎರಡನೆಯದೂ ಹರಿಯಿತು. ಕಾಕಾ ಬಲಭುಜ ತಿಕ್ಕಿಕೊಳ್ಳುತ್ತ ನಿಂತರು. ಆಮೇಲೆ ಕಾಕೂನ ಕಡೆ ತಿರುಗಿ ಕೇಳಿದರು:

"ಇಷ್ಟು ನೋಯ್ತದಂತ ನನಗ್ಯಾಕ ಹೇಳ್ಲಿಲ್ಲ ನೀ?"

ನಾನು ಬಾಗಿಲಲ್ಲೇ ನಿಂತೆ. ಕಾಕೂ ಎದ್ದು ಬಂದು, ಕಾಕಾನ ಕೈ ಹಿಡಿದು ಹಿಟ್ಟಿನ ಮೇಲಿಟ್ಟರು.