ನನ್ನ ಸಿಟ್ಟನ್ನು ವಾಪಸು ಕೊಡಿಸಬೇಕೆಂದು ಪ್ರಾರ್ಥನೆ

ಮಾನ್ಯ ಆಲ್ಗಾರಿದಮ್ ಮಹಾಶಯರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ರಾಯದುರ್ಗದ ಹಳೇ ಪೇಟೆಯ ಓಣಿಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಹೊಲಿಗೆ ಅಂಗಡಿ ನಡೆಸಿಕೊಂಡು ಬಂದಿರುವ ಟೈಲರ್ ಮುದ್ದಪ್ಪನಾದ ನಾನು ತಮಗೆ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಾವೂ ಕ್ಷೇಮವೆಂದು ನಂಬಿದ್ದೇನೆ, ಏಕೆಂದರೆ ತಮಗೆ ನೆಗಡಿ, ಮಂಡಿನೋವು, ಬೀಗರ ಕಾಟ ಯಾವುದೂ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ತಾವು ಗಂಡೋ ಹೆಣ್ಣೋ, ತಮಗೆ ಕೂರಲು ಕುರ್ಚಿ ಇದೆಯೋ ಇಲ್ಲವೋ, ಮಧ್ಯಾಹ್ನ ಉಂಡ ಮೇಲೆ ಒಂದು ಗಳಿಗೆ ಅಡ್ಡಾಗುತ್ತೀರೋ ಇಲ್ಲವೋ ಒಂದೂ ತಿಳಿಯದ ಕಾರಣ ಸಂಬೋಧನೆಯಲ್ಲಿ ಏನಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಹೊಟ್ಟೆ ಇಲ್ಲದಿದ್ದರೆ ಅನುಕೂಲವಿರುವ ಬೇರೆ ಎಲ್ಲಿಗಾದರೂ ಹಾಕಿಕೊಳ್ಳಬೇಕು. ತಮ್ಮ ವಿಳಾಸ ಅಂಚೆ ಕಚೇರಿಯವರಿಗೂ ಗೊತ್ತಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ತಾವು ನನ್ನ ಸಿಟ್ಟನ್ನು ತೆಗೆದುಕೊಂಡು ಹೋಗಿ ಊರಿಗೆಲ್ಲ ಹಂಚಿದ್ದೀರಿ. ಈಗ ನಾನು ನಿಜವಾಗಿ ಸಿಟ್ಟಾದರೆ ಒಬ್ಬರೂ ನಂಬುವುದಿಲ್ಲ. ಅದನ್ನು ಇದ್ದ ಸ್ಥಿತಿಯಲ್ಲೇ ವಾಪಸು ಕೊಡಿಸಬೇಕು.

ಇದು ಹೇಗಾಯಿತೆಂದು ತಮಗೆ ಗೊತ್ತೇ ಇದೆ, ಆದರೂ ಓದುವ ನಾಲ್ಕು ಜನರಿಗಾಗಿ ಬರೆಯುತ್ತೇನೆ. ಹೋದ ವರ್ಷ ನಾನೂ ಫೋನಿನಲ್ಲಿ ವಿಡಿಯೋ ಹಾಕುವ ಆಸೆಗೆ ಬಿದ್ದೆ. ನಮ್ಮೂರಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರು ಮನೆಗೊಬ್ಬರಿದ್ದಾರೆ, ಆದರೆ ಅಂಗಿಯ ಕಾಲರನ್ನು ಸುಕ್ಕಿಲ್ಲದೆ, ಮೂಲೆ ಮುರಿಯದೆ ಕೂರಿಸುವವರು ಬೆರಳೆಣಿಕೆಯವರು. ಆ ವಿದ್ಯೆ ನನ್ನ ಜೊತೆಗೇ ಮಣ್ಣಾಗಬಾರದೆಂದು ‘ಕಾಲರ್ ಕತ್ತರಿಸುವ ಕ್ರಮ, ಭಾಗ ಒಂದು’ ಎಂಬ ಹದಿನಾಲ್ಕು ನಿಮಿಷದ ವಿಡಿಯೋ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು, ತಮಗೆ ಸಮರ್ಪಿಸಿದೆ. ತಾವು ಅದನ್ನು ಹನ್ನೊಂದು ಸಲ ತೋರಿಸಿದಿರಿ. ಅದರಲ್ಲಿ ಏಳು ಸಲ ನೋಡಿದವನು ನಾನೇ. ಎರಡು ಸಲ ನನ್ನ ಹೆಂಡತಿ ಬನಶಂಕರಿ, ಅದೂ ಎರಡನೇ ಸಲ ಹಿಂದೆ ಗೋಡೆಯ ಮೇಲಿದ್ದ ಹಲ್ಲಿಯನ್ನು ನೋಡಲು.

ಆಮೇಲೆ ಶ್ರಾವಣದಲ್ಲಿ ನನ್ನ ನಾದಿನಿ ನಾಗವೇಣಿ ಬಂದಳು. ಮದುವೆಯಾಗಿ ಮಡಕಶಿರಾ ಸೇರಿ ಇಪ್ಪತ್ತು ವರ್ಷವಾಗಿ ನಮ್ಮ ಕಡೆಯ ಮಾತನ್ನೇ ಮರೆತಿರುವ ಈಕೆ, ಬಂದವಳು ಕೈಕಾಲು ತೊಳೆಯುವ ಮುಂಚೆಯೇ ಅಂಗಡಿ ಬಾಗಿಲಲ್ಲಿ ನಿಂತು, “ಏನ್ ಬಾವಾ, ಉಗಾದಿಗೆ ರವಿಕೆ ಕೊಡ್ತೀನಿ ಅಂದಿದ್ರಿ, ಈವಾಗ ಶ್ರಾವಣ ಬಂತಲ್ಲ, ಇನ್ನೂ ಬಟ್ಟೆ ಕತ್ತರಿಸೇ ಇಲ್ವಲ್ಲ” ಎಂದಳು. ಮಾನ್ಯರೇ, ಟೈಲರನಿಗೆ ತಾರೀಖು ನೆನಪಿಸುವುದು ಮಲಗಿದ ಹಾವನ್ನು ಕೋಲಿನಿಂದ ತಿವಿದಂತೆ. ನಾನು ಕತ್ತರಿ ಎತ್ತಿ ಹಿಡಿದು, ಕಾಲಿನಿಂದ ಮಷೀನು ತುಳಿಯುತ್ತಲೇ ಕೂಗಿದೆ: “ಹೌದವ್ವಾ, ಉಗಾದಿಗೆ ಅಂದಿದ್ದೆ! ಯಾವ ವರ್ಷದ ಉಗಾದಿ ಅಂತ ಅಂದಿದ್ದೆನೇನು? ಉಗಾದಿ ಏನು ಊರು ಬಿಟ್ಟು ಓಡಿ ಹೋಗ್ತೈತೇನು? ವರ್ಷಾ ವರ್ಷಾ ಬರ್ತೈತಿ, ನೀನೂ ಬಾ!”

ಅವಳ ಕೈಯಲ್ಲಿ ಫೋನಿತ್ತು. ಅದು ನೋಡುತ್ತಿತ್ತು. ಮೂರನೇ ದಿನಕ್ಕೆ ತಾವು ಆ ಹದಿನೆಂಟು ಸೆಕೆಂಡುಗಳನ್ನು ನಲವತ್ತು ಲಕ್ಷ ಜನರಿಗೆ ಉಣಬಡಿಸಿದ್ದಿರಿ. ನಾನು ನಾಗವೇಣಿಗೆ ಫೋನು ಮಾಡಿ ಇದನ್ನು ಯಾರು ಮಾಡಿದ್ದು ಎಂದು ದಬಾಯಿಸಿದರೆ, ನಗು ತಡೆಯಲಾರದೆ, “ಅದನ್ನ ಮನುಸ್ರು ಮಾಡಲ್ಲ ಬಾವಾ, ಆಲ್ಗಾರಿದಮ್ ಅಂತ ಒಂದೈತೆ, ಅದಕ್ಕೆ ನಿಮ್ಮ ಮಖ ಹಿಡಿಸೈತೆ” ಎಂದಳು. ಐವತ್ತೆಂಟನೇ ವಯಸ್ಸಿನಲ್ಲಿ ನನ್ನ ಮುಖವನ್ನು ಮೆಚ್ಚಿದ ಮೊದಲನೆಯವರು ತಾವು. ಕೃತಜ್ಞತೆಗಳು.

ಅಲ್ಲಿಂದ ಮುಂದೆ ನನ್ನ ಸಿಟ್ಟು ಕಂಡವರ ಪಾಲಾಯಿತು. ನನ್ನ ದನಿಗೆ ತುಟಿ ಕುಣಿಸಿ ಮದುಮಕ್ಕಳು ವಿಡಿಯೋ ಮಾಡಿದರು, ಆಸ್ಪತ್ರೆಯ ಕಾಂಪೌಂಡರುಗಳು ಮಾಡಿದರು, ಓಬಳಾಪುರದ ಕಡೆಯ ಲಾರಿ ಡ್ರೈವರು ಸ್ಟೀರಿಂಗಿನ ಮೇಲೆ ತಾಳ ಹಾಕಿಕೊಂಡು ಮಾಡಿದ. ಹೇಮಾವತಿ ಎಂಬ ಊರಿನಲ್ಲಿ ಯಾರೋ ಪುಣ್ಯಾತ್ಮರು ಮೆಲುಕು ಹಾಕುವ ಎಮ್ಮೆಯ ಬಾಯಿಗೆ ನನ್ನ ಮಾತನ್ನು ಕೂಡಿಸಿದರು. ಸತ್ಯವಾಗಿ ಹೇಳುತ್ತೇನೆ, ಹೊಂದಿಕೆ ನನಗಿಂತ ಚೆನ್ನಾಗಿತ್ತು. ಶಾಲೆಯಲ್ಲಿ ಹೋಂವರ್ಕ್ ಎಲ್ಲಿ ಎಂದು ಕೇಳಿದ ಮೇಷ್ಟರಿಗೆ ಮಕ್ಕಳು ಒಕ್ಕೊರಲಿನಿಂದ ಯಾವ ವರ್ಷದ ಹೋಂವರ್ಕ್ ಎಂದು ಕೇಳತೊಡಗಿದರು. ಮದುವೆಯೊಂದರಲ್ಲಿ ಡಿಜೆಯವನು ನನ್ನ ಬೈಗುಳಕ್ಕೆ ಡೋಲು ಸೇರಿಸಿ, ಒಂದು ಕಾಲಲ್ಲಿ ಮಷೀನು ತುಳಿದಂತೆ, ಒಂದು ಕೈಯಲ್ಲಿ ಕತ್ತರಿ ಬೀಸಿದಂತೆ ಹೊಸ ಹೆಜ್ಜೆ ಕಟ್ಟಿ ಮುನ್ನೂರು ಜನರನ್ನು ಕುಣಿಸಿದ. ನಾನೂ ಆ ಮದುವೆಗೆ ಹೋಗಿದ್ದೆ. ಮುಚ್ಚಿಡುವುದೇಕೆ, ಕುಣಿದೆ.

ಹೀಗೆ ಕುಣಿದದ್ದೇ ತಪ್ಪಾಯಿತು. ಮುಂದಿನ ಶನಿವಾರದಿಂದ ಜನ ನೇಮಕಲ್ಲಿನ ಆಂಜನೇಯನ ದರ್ಶನ ಮುಗಿಸಿ ನೇರ ನನ್ನ ಅಂಗಡಿಗೆ ಬರತೊಡಗಿದರು. ಬಟ್ಟೆ ತರುವವರಿಲ್ಲ, ಅಳತೆ ಕೊಡುವವರಿಲ್ಲ, ಎಲ್ಲರಿಗೂ ಬೇಕಾದದ್ದು ಬೈಗುಳ. ಗುಂತಕಲ್ಲಿನಿಂದ ಬಂದ ದೊಡ್ಡ ಸಂಸಾರವೊಂದು ಸಾಲಾಗಿ ನಿಂತು, “ಅನ್ನಾ, ತೆಲುಗುಲೋ ಒಕ್ಕಸಾರಿ ತಿಟ್ಟಂಡಿ” ಎಂದು, ತೆಲುಗಿನಲ್ಲೂ ಒಂದು ಸಲ ಬೈಯಬೇಕೆಂದು ಕೈಮುಗಿಯಿತು. ಎರಡು ಭಾಷೆಯಲ್ಲಿಯೂ ಬೈದು ಕಳಿಸಿದೆ. ಗಂಗಾಧರಪ್ಪ ಎಂಬ ನಿವೃತ್ತ ಹೆಡ್ಮಾಸ್ತರರು ಬಂದು ಸಂಕೋಚದಿಂದ, “ನಲವತ್ತು ವರ್ಷ ನಾನೇ ಎಲ್ಲಾರನ್ನೂ ಬೈದೀನ್ರಿ, ನನ್ನನ್ನ ಬೈಯೋರು ಒಬ್ರೂ ಉಳಿದಿಲ್ಲ” ಎಂದರು. ಅವರಿಗೆ ಮನಸ್ಸಿಟ್ಟು ಬೈದೆ. ಅವರು ಕಣ್ಣೊರೆಸಿಕೊಂಡು, ನನ್ನ ಭುಜ ತಟ್ಟಿ ಹೋದರು. ಪಕ್ಕದ ಗುಂಡಿ ಅಂಗಡಿಯ ಎರ್ರಿಸ್ವಾಮಿ, ‘ಬೈಯುವ ಟೈಲರ್ ಅಂಗಡಿಗೆ ದಾರಿ’ ಎಂದು ಬೋರ್ಡು ಬರೆಸಿ ಅದರ ಕೆಳಗೆ ಚಹಾ ಮಾರಲು ಕೂತ.

ಇದನ್ನೆಲ್ಲ ನಾನು ಸಂತೋಷದಿಂದಲೇ ಅನುಭವಿಸಿದೆ, ತಮ್ಮ ಮುಂದೆ ಸುಳ್ಳು ಹೇಳಲಾರೆ. ಈಗಿನ ಮಕ್ಕಳು ಎಂಥಾ ಚುರುಕು! ಒಂದು ಹಳಸಲು ಬೈಗುಳವನ್ನು ಹಿಡಿದು ಅದಕ್ಕೆ ಕಸೂತಿ ಹಾಕಿ, ಲೇಸು ಹೊಲಿದು, ನೂರು ಬಗೆಯಲ್ಲಿ ತೊಟ್ಟು ಮೆರೆಯುತ್ತವೆ. ನಾನು ಅಸೂಯೆ ಪಟ್ಟಿದ್ದೇನೆಯೇ ಹೊರತು ಬೇಸರ ಪಟ್ಟಿಲ್ಲ. ನನ್ನ ತಕರಾರು ಬೇರೆ.

ಒಂದು ದಿನ ಲೈನಿಂಗ್ ಬಟ್ಟೆಯ ವ್ಯಾಪಾರಿ ಬಣ್ಣ ಬಿಡುವ ಮಾಲು ಕಳಿಸಿದ. ಫೋನಿನಲ್ಲಿ ಅವನ ಮೂರು ತಲೆಮಾರಿನ ಜಾತಕ ಬಿಚ್ಚಿದೆ. ಅವನು ಫೋನನ್ನು ಸ್ಪೀಕರಿಗೆ ಹಾಕಿ ಅಂಗಡಿಯವರನ್ನೆಲ್ಲ ಕೂಡಿಸಿದ. ನಾನು ಮುಗಿಸಿದಾಗ ಆ ಕಡೆಯಿಂದ ಚಪ್ಪಾಳೆ ಕೇಳಿಸಿತು, ಮಾಲು ಮಾತ್ರ ಬದಲಾಗಲಿಲ್ಲ. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿದ್ದಿದೆಯೆಂದು ಗುಡುಗಿದರೆ ಬನಶಂಕರಿ ಲಟ್ಟಣಿಗೆ ಕೆಳಗಿಟ್ಟು, “ತಡೀರಿ, ಫೋನ್ ತರ್ತೀನಿ, ಅಷ್ಟರಾಗ ಸಿಟ್ಟು ಇಳಿಸ್ಕೋಬ್ಯಾಡ್ರಿ” ಎಂದು ಒಳಗೆ ಓಡುತ್ತಾಳೆ. ಸಿಟ್ಟೆಂಬುದು ಹಾಲಿನಂತೆ, ಉಕ್ಕಿದಾಗ ಉಕ್ಕಬೇಕು. ಫೋನು ಬರುವ ತನಕ ಅದನ್ನು ಸಣ್ಣ ಉರಿಯಲ್ಲಿ ಇಟ್ಟುಕೊಂಡು ಕೂರುವ ಗಂಡಸಿನ ಅವಸ್ಥೆ ತಮಗೆ ಅರ್ಥವಾಗುವುದಿಲ್ಲ.

ಆದ್ದರಿಂದ ಮೊದಲ ಸುತ್ತಿನ ವಿನಂತಿಯಾಗಿ, ನಾನು ಅಸಲಿ ಸಿಟ್ಟಿನಲ್ಲಿರುವಾಗ ನನ್ನ ನೆತ್ತಿಯ ಮೇಲೆ ಒಂದು ಕೆಂಪು ದೀಪ ಮಿನುಗುವ ಏರ್ಪಾಡು ಮಾಡಿಸಬೇಕೆಂದೂ, ನೋಡುವವರ ಬಾಯಿ ಆ ಹೊತ್ತಿಗೆ ತಾನೇ ಮುಚ್ಚಿಕೊಳ್ಳುವಂತೆ ಅಪ್ಪಣೆ ಹೊರಡಿಸಬೇಕೆಂದೂ ಬೇಡುತ್ತೇನೆ. ಅದಕ್ಕೆ ಪ್ರತಿಯಾಗಿ ತಾವು ಖುದ್ದಾಗಿ ರಾಯದುರ್ಗಕ್ಕೆ ಬಂದು ಅಳತೆ ಕೊಟ್ಟರೆ, ತಮಗೆ ಕುತ್ತಿಗೆ ಎಂಬುದೊಂದಿದ್ದರೆ, ಅದಕ್ಕೆ ಸುಕ್ಕಿಲ್ಲದ ಕಾಲರ್ ಕೂರಿಸಿಕೊಡುವ ಹೊಣೆ ನನ್ನದು.

ಈಗ ಹೋದ ತಿಂಗಳಿನ ಸಂಗತಿ. ಕಲ್ಯಾಣದುರ್ಗದಿಂದ ಚಂದ್ರಕಲಾ ಎಂಬ ಹೆಣ್ಣುಮಗಳು ಗಂಡ ಗುರುಪ್ರಕಾಶನ ಜೊತೆ ಬಂದಳು. ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತ, ಬಿಡುವಿನಲ್ಲಿ ನಗೆ ವಿಡಿಯೋ ಮಾಡುವ ಒಳ್ಳೆಯ ಹುಡುಗಿ. ಬರುವಾಗ ನನಗೆಂದು ಬಾಳೆಹಣ್ಣು ತಂದಿದ್ದಳು. ಗಂಡ ಫೋನು ಹಿಡಿದು ನಿಂತ, ಇವಳು ಬಟ್ಟೆಯ ಅಂಚು ಹೊಲಿಯುವ ನನ್ನ ಓವರ್‌ಲಾಕ್ ಮಷೀನಿನ ಪಕ್ಕ ನಿಂತು ನಗುತ್ತ ಬಗ್ಗಿದಳು. ಮಷೀನು ಓಡುತ್ತಿತ್ತು. ಕುತ್ತಿಗೆಗೆ ಸುತ್ತಿದ ದುಪಟ್ಟಾದ ಒಂದು ತುದಿ ಜಾರಿ ಮೋಟಾರಿನ ಬೆಲ್ಟಿನ ಹತ್ತಿರ ಹೋಗುತ್ತಿರುವುದು ನನಗೆ ಕಂಡಿತು. ಸ್ವಿಚ್ಚು ಇದ್ದದ್ದು ಅವಳ ಆ ಕಡೆಯ ಗೋಡೆಯಲ್ಲಿ, ನಾನಿದ್ದದ್ದು ಕತ್ತರಿಸುವ ಮೇಜಿನ ಈ ಕಡೆ.

ನಾನು ಗಂಟಲು ಹರಿದುಹೋಗುವಂತೆ ಕೂಗಿದೆ. “ಏಯ್, ಹಿಂದಕ್ಕ ಸರಿ! ದುಪಟ್ಟಾ ತಗೀ! ನಿನಗ ಕಣ್ಣು ಕಾಣಂಗಿಲ್ಲೇನು!” ಎಂದೆ. ಅವಳು ಖುಷಿಯಿಂದ ಕೈತಟ್ಟಿದಳು. ಗಂಡ ಫೋನಿನ ಹಿಂದಿನಿಂದಲೇ, “ಸೂಪರ್ ಸಾರ್, ಇದೇ ಬೇಕಾಗಿತ್ತು, ಇನ್ನೊಂದ್ಸಲ” ಎಂದ. ಬಾಗಿಲಲ್ಲಿ ನಿಂತ ನಾಲ್ಕು ಜನ ಹೋ ಎಂದು ನಕ್ಕರು. ನಾನು ಮೇಜಿನ ಮೇಲೆ ಗುದ್ದಿದೆ. ಅವರು ಇನ್ನೂ ನಕ್ಕರು. ಎದೆಯಲ್ಲಿದ್ದ ಸಿಟ್ಟನ್ನೆಲ್ಲ ಗಂಟಲಿಗೆ ತಂದೆ, ಅದು ಹೊರಗೆ ಬರುವಷ್ಟರಲ್ಲಿ ತಮಾಷೆಯಾಗಿ ಮಾರಾಟವಾಗಿ ಹೋಗುತ್ತಿತ್ತು. ಮಾನ್ಯರೇ, ನನಗೆ ಅಂಥ ಭಯ ಹಿಂದೆಂದೂ ಆಗಿರಲಿಲ್ಲ.

ಆಗ ನನ್ನ ಬಾಯಿಂದ ತಾನಾಗಿಯೇ ಬೇರೆ ಮಾತು ಬಂತು. ದನಿ ಇಳಿಯಿತು. ಎರಡೂ ಕೈ ಜೋಡಿಸಿ, “ತಾಯೀ, ತಾವು ದಯಮಾಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದರೆ ಈ ಬಡವನ ಮೇಲೆ ದೊಡ್ಡ ಉಪಕಾರವಾಗುತ್ತದೆ” ಎಂದೆ. ಅಂಗಡಿಯ ಹಿಂದೆಯೇ ಇರುವ ನಮ್ಮ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಬನಶಂಕರಿಗೆ ಅದು ಕೇಳಿಸಿತು. ನನ್ನ ಗುಡುಗಿಗೆ ತಲೆಯೆತ್ತಿಯೂ ನೋಡದ ಹೆಂಗಸು, ಹಿಟ್ಟಿನ ಕೈಯಲ್ಲೇ ಓಡಿ ಬಂದು ಸ್ವಿಚ್ಚು ಬಡಿದು, ಆ ಹುಡುಗಿಯನ್ನು ರಟ್ಟೆ ಹಿಡಿದು ಎಳೆದುಕೊಂಡಳು. ದುಪಟ್ಟಾ ಅಷ್ಟರಲ್ಲಿ ಒಂದು ಗೇಣು ಬೆಲ್ಟಿಗೆ ಸುತ್ತಿಕೊಂಡು ಪರ್ರನೆ ಹರಿದಿತ್ತು. ಕುತ್ತಿಗೆಯ ಮೇಲೆ ಒಂದು ಕೆಂಪು ಗೆರೆ ಬಿತ್ತು, ಅಷ್ಟೇ. ಆ ಹುಡುಗಿ ಬನಶಂಕರಿಯ ಹೆಗಲಿಗೆ ಒರಗಿ ಗಳಗಳನೆ ಅತ್ತಳು. ಗುರುಪ್ರಕಾಶ ಫೋನು ಜೇಬಿಗಿಟ್ಟು ನೆಲದ ಮೇಲೆ ಕೂತುಬಿಟ್ಟ.

ಹೇಗೆ ಗೊತ್ತಾಯಿತೆಂದು ಅವರು ಕೇಳಿದಾಗ ಬನಶಂಕರಿ ಹೇಳಿದ ಮಾತನ್ನು ತಮ್ಮ ಅವಗಾಹನೆಗೆ ತರುತ್ತೇನೆ: “ಇವ್ರು ಕೂಗ್ಯಾಡಿದ್ರ ಅದು ಗಾಳಿ ಬೀಸಿದಂಗ್ರಿ, ಯಾರೂ ಲೆಕ್ಕಕ್ಕ ಇಡಬಾರದು. ಮರ್ಯಾದಿ ಕೊಟ್ಟು ಮಾತಾಡಿದ್ರು ಅಂದ್ರ ಮಾತ್ರ ಏನೋ ಅನಾಹುತ ಐತಿ ಅಂತ ತಿಳ್ಕೋಬೇಕು.” ಮೂವತ್ತು ವರ್ಷದ ಸಂಸಾರದಲ್ಲಿ ನಾನು ಹಾಗೆ ಮಾತಾಡಿದ್ದು ಎರಡೇ ಸಲವಂತೆ. ಒಮ್ಮೆ ನನ್ನ ತಂಗಿಯ ಮದುವೆಯಲ್ಲಿ ನಮ್ಮವ್ವನನ್ನು ಹೀಯಾಳಿಸಿದ ಬೀಗರಿಗೆ ಇನ್ನೊಂದು ಹೋಳಿಗೆ ಸ್ವೀಕರಿಸಬೇಕೆಂದು ಕೇಳಿಕೊಂಡದ್ದು, ಅವರು ಎಲೆ ಬಿಟ್ಟು ಎದ್ದು ಹೋದದ್ದು. ಇನ್ನೊಂದು ಸಲ ಅವತ್ತೇ.

ಚಂದ್ರಕಲಾ ಪ್ರಾಮಾಣಿಕಳು. ಸುಧಾರಿಸಿಕೊಂಡ ಮೇಲೆ ಆ ವಿಡಿಯೋವನ್ನು ಇದ್ದದ್ದು ಇದ್ದಂತೆ ಹಾಕಿ, ಮಷೀನಿನ ಹತ್ತಿರ ಯಾರೂ ಹೀಗೆ ನಿಲ್ಲಬೇಡಿ, ಈ ದಂಪತಿ ನನ್ನ ಜೀವ ಉಳಿಸಿದರು ಎಂದು ಬರೆದಳು. ನಾನು ಜನ್ಮದಲ್ಲಿ ನಿಜವಾಗಿ ಸಿಟ್ಟಾದದ್ದನ್ನು ಯಾರಾದರೂ ನೋಡಬೇಕೆಂದರೆ ಅದೊಂದೇ ವಿಡಿಯೋ. ಅದನ್ನು ತಾವು ಹತ್ತೊಂಬತ್ತು ಜನರಿಗೆ ತೋರಿಸಿದಿರಿ. ಒಬ್ಬ ಕೆಳಗೆ, ‘ಬೈಗುಳ ಎಲ್ಲಿ? ಮುದ್ದಪ್ಪ ಮೊದಲಿನ ಹಾಗಿಲ್ಲ’ ಎಂದು ಬರೆದಿದ್ದಾನೆ.

ತಮ್ಮ ಅಭಿರುಚಿಯನ್ನು ಪ್ರಶ್ನಿಸುವಷ್ಟು ದೊಡ್ಡವನು ನಾನಲ್ಲ. ಕೋಟ್ಯಂತರ ಜನರ ನಗು, ಅಳು, ಆಕಳಿಕೆಗಳನ್ನೆಲ್ಲ ತೂಗಿ ನೋಡುವ ತಮಗೆ ಯಾವುದು ಸಿಟ್ಟು, ಯಾವುದು ಆಟ, ಯಾವುದು ಪ್ರಾಣಭಯ ಎಂದು ತಿಳಿಯುವುದಿಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ತಮ್ಮ ಅಮೂಲ್ಯ ಸಮಯದಲ್ಲಿ ಅರೆಗಳಿಗೆ ಬಿಡುವು ಮಾಡಿಕೊಂಡು, ತಾವೇ ಮೊದಲು ಆ ವಿಡಿಯೋವನ್ನು ಒಂದು ಸಲ ನೋಡುವ ಕೃಪೆ ತೋರಬೇಕೆಂದು, ಆಮೇಲೆ ಮನಸ್ಸಾದರೆ ಇಪ್ಪತ್ತನೆಯ ಮನುಷ್ಯನಿಗೂ ತೋರಿಸಬೇಕೆಂದು, ತಮ್ಮ ಪಾದಗಳಿದ್ದಲ್ಲಿ ಅವುಗಳಿಗೆ ಹಣೆ ಹಚ್ಚಿ ಅತ್ಯಂತ ವಿನಯದಿಂದ, ಪರಮ ಗೌರವದಿಂದ ಬೇಡಿಕೊಳ್ಳುತ್ತೇನೆ.

ಇಂತಿ ತಮ್ಮ ಎಳ್ಳಷ್ಟೂ ಕುಂದಿಲ್ಲದ ವಿಶ್ವಾಸಿ,
ಟೈಲರ್ ಮುದ್ದಪ್ಪ
ರಾಯದುರ್ಗ

ತಾ.ಕ.: ಬಹಿರಂಗಪಡಿಸುವ ಮುಂಚೆ ಈ ಪತ್ರವನ್ನು ಬನಶಂಕರಿಯ ಕೈಗೆ ಕೊಟ್ಟೆ. ಓದುತ್ತ ಓದುತ್ತ ಅವಳ ಮುಖ ಬಿಳಿಚಿಕೊಂಡಿತು. ಕಾಗದವನ್ನು ಎದೆಗೆ ಒತ್ತಿಕೊಂಡು, “ಬ್ಯಾಡ್ರೀ, ಪಾಪ, ಅದಕ್ಕೂ ಹೆತ್ತೋರು ಇರ್ತಾರ, ಒಂದ್ಸಲ ಬಾಯಿ ತುಂಬ ಬೈದು ಬಿಟ್ಟುಬಿಡ್ರಿ, ಇಷ್ಟು ಮರ್ಯಾದಿ ಕೊಡಬ್ಯಾಡ್ರಿ” ಎಂದು ತಮ್ಮ ಪರವಾಗಿ ಗೋಗರೆಯುತ್ತಿದ್ದಾಳೆ.