ಬಿ2 ಸೆಲ್‌ನಲ್ಲಿ ಮಾವನವರ ಹೆಸರು ತುಂಬುವ ಕುರಿತು

ಮೇಲ್ಕಣಿವೆ ಹುಲ್ಲುಗಾವಲು ಕಚೇರಿ, ಕಿರ್ಗಿಸ್ತಾನ
ಸಂಖ್ಯೆ: ಹುಕ/ಬಿ2/ಸೊಸೆ/07
ದಿನಾಂಕ: ಶುಕ್ರವಾರ, ಸಂಜೆ

ವಿಷಯ: ಶ್ರೀ ................ ಇವರ ಹಿಂಡಿಗೆ ಬೇಸಿಗೆ ಹುಲ್ಲುಗಾವಲಿನ ಪರವಾನಗಿ ಮುದ್ರಣವಾಗದಿದ್ದ ಬಗ್ಗೆ.

ಉಲ್ಲೇಖ: 1) ಕೀಲಿಮಣೆಯ ಮೇಲೆ ಕುಮಿಸ್ (ಹುಳಿ ಬರಿಸಿದ ಕುದುರೆ ಹಾಲು) ಬಟ್ಟಲು ಇಡುವುದನ್ನು ನಿಷೇಧಿಸಿದ ಹಿಂದಿನ ಸುತ್ತೋಲೆ.
2) ಸದರಿ ಹಿರಿಯರು ತಮ್ಮ ಕೆಂಪು ಕುದುರೆಯಿಂದ ಇಳಿಯದೆ, ಕಿಟಕಿಯ ಮೂಲಕ ಸಲ್ಲಿಸಿದ ಮೌಖಿಕ ದೂರು.

ಕಚೇರಿಯ ಗಣಕದ ಲೆಕ್ಕಹಾಳೆಯು ಬಿ2 ಸೆಲ್‌ನಲ್ಲಿ ಬರೆದ ಹೆಸರನ್ನೇ ಹಿಡಿದು ಜಿಲ್ಲಾ ದತ್ತಾಂಶ ಭಂಡಾರವನ್ನು ಪ್ರಶ್ನಿಸುತ್ತದೆ. ಬಂದ ಉತ್ತರವೇ ಪರವಾನಗಿಯಾಗಿ ಮುದ್ರಣಗೊಳ್ಳುತ್ತದೆ. ಶುಕ್ರವಾರ ಮಧ್ಯಾಹ್ನದೊಳಗೆ ಪರವಾನಗಿ ತೋರಿಸದ ಹಿಂಡಿಗೆ ಕಣಿವೆಯ ಗೇಟು ತೆರೆಯುವುದಿಲ್ಲ. ಕೆಳಗಿನ ಇಳಿಜಾರಿನಲ್ಲಿ ಈಗ ಉಳಿದಿರುವುದು ಕಲ್ಲು ಮಾತ್ರ. ದತ್ತಾಂಶ ನಿರ್ವಾಹಕಿ ಶ್ರೀಮತಿ ಆಯ್‌ಜಾರ್ಕಿನ್ ಇವರು ಸದರಿ ಹಿರಿಯರ ಕಿರಿಸೊಸೆಯಾಗಿದ್ದು, ಮಾವನ ಹೆಸರನ್ನು ಸೊಸೆ ಎತ್ತಬಾರದೆಂಬ ಮರ್ಯಾದೆಗೆ ಬದ್ಧರಾಗಿರುತ್ತಾರೆ. ಆದ ಕಾರಣ ಈ ಮೂಲಕ ಸಮಸ್ತ ಸಿಬ್ಬಂದಿಗೆ ಸೂಚಿಸುವುದೇನೆಂದರೆ:

1. ಬಿ2 ಸೆಲ್ ಯಾವ ಮನೆಯ ಸೊಸೆಯೂ ಅಲ್ಲ. ಅದರಲ್ಲಿ "ನಮ್ಮ ಮನೆ ದೊಡ್ಡವರು" ಎಂದು ತುಂಬಿದಲ್ಲಿ ಭಂಡಾರವು ಖಾಲಿ ಹಾಳೆ ಕೊಡುತ್ತದೆ. ಇದನ್ನು ಭಂಡಾರದ ಅಹಂಕಾರವೆಂದು ಭಾವಿಸತಕ್ಕದ್ದಲ್ಲ.

2. "ಕೆಂಪು ಕುದುರೆಯವರು" ಎಂದು ತುಂಬಿದ್ದರಿಂದ ಪಶುವೈದ್ಯರ ಕೆಂಪು ಕುದುರೆಯ ಹೆಸರಿಗೆ ಪರವಾನಗಿ ಮಂಜೂರಾಗಿದೆ. ಸದರಿ ಕುದುರೆಯು ಆ ಪರವಾನಗಿಯನ್ನು ಭಾಗಶಃ ತಿಂದಿರುವುದರಿಂದ ರದ್ದತಿಗೆ ಅವಕಾಶವಿರುವುದಿಲ್ಲ.

3. ಕಚೇರಿ ವೇಳೆಯಲ್ಲಿ ಈ ಕೆಳಕಂಡ ಮಾತುಗಳನ್ನು ಕಿಟಕಿಯ ಎರಡೂ ಬದಿಯಿಂದ ನಿಷೇಧಿಸಲಾಗಿದೆ: "ಬಾಯಲ್ಲಿ ಹೇಳ್ಬೇಡ ಕಣಮ್ಮಾ, ಬೆರಳಲ್ಲಿ ಒತ್ತು ಸಾಕು!", "ಅಯ್ಯೋ ಮಾವಯ್ಯಾ, ಬೆರಳೇನು ಬೇರೆ ಮನೇದಾ?", "ಹಂಗಾದ್ರೆ ನನ್ನ ಕುರಿ ಕಲ್ಲು ತಿನ್ಲಾ?"

4. ಪಟ್ಟಿಯಿಂದ ಹೆಸರನ್ನು ಆರಿಸಿಕೊಳ್ಳುವ ವ್ಯವಸ್ಥೆ ಕಲ್ಪಿಸಲಾಗಿತ್ತು. ನಿರ್ವಾಹಕಿಯವರು ಗೌರವಪೂರ್ವಕವಾಗಿ ಕಣ್ಣು ಮುಚ್ಚಿ ಆರಿಸಿದ್ದರಿಂದ ಪಕ್ಕದ ಕಣಿವೆಯ ಜೇನು ಸಾಕುವವರಿಗೆ ಪರವಾನಗಿ ಹೋಗಿದೆ. ಜೇನುಗಳು ಈಗಾಗಲೇ ಹೊರಟಿವೆ.

5. ಇತರ ಮಹಿಳಾ ಸಿಬ್ಬಂದಿಯೆಲ್ಲರೂ ಅದೇ ಕುಲಕ್ಕೆ ಸೊಸೆಯಂದಿರಾಗಿ ಬಂದವರಾದ ಕಾರಣ, ಹೊರ ಪ್ರಾಂತ್ಯದಿಂದ ಹೊಸದಾಗಿ ಬಂದ ಚಾಲಕ ಬೈಜಿಗಿತ್ ಅವರನ್ನು ಕೀಲಿಮಣೆಯ ಮುಂದೆ ಕೂರಿಸಲಾಯಿತು. "ಯಾರ ಹೆಸರು ಒತ್ಲಿ ಅಕ್ಕಾ?" ಎಂದದ್ದಕ್ಕೆ "ಅವರದ್ದು" ಎಂದೂ, "ಯಾರದ್ದು?" ಎಂದದ್ದಕ್ಕೆ "ಅವರದ್ದೇ ಕಣೋ, ಕಿಟಕೀಲಿ ಕೂಗ್ತಿದಾರಲ್ಲ!" ಎಂದೂ ಉತ್ತರಿಸಲಾಯಿತು. ಬಿ2 ಸೆಲ್‌ನಲ್ಲಿ "ಅವರದ್ದೇ" ಎಂದು ನಮೂದಾಯಿತು. ಚಾಲಕರು ಹೊರಗೆ ಹೋಗಿ ಖುದ್ದು ವಿಚಾರಿಸಲಾಗಿ, ಹಿರಿಯರು "ಇಡೀ ಕಣಿವೆಗೆ ಗೊತ್ತು ನಾನ್ಯಾರು ಅಂತ, ನಿಂಗೆ ಗೊತ್ತಿಲ್ವೇನೋ?" ಎಂದು ಹೆಸರು ಹೇಳಲು ನಿರಾಕರಿಸಿರುತ್ತಾರೆ.

6. ಅಷ್ಟರಲ್ಲಿ ಹಿಂಡು ಕಚೇರಿಯ ಅಂಗಳ ಪ್ರವೇಶಿಸಿ ಸೂಚನಾಫಲಕದ ಬುಡದ ಹೂಗಿಡಗಳನ್ನು ವಿಲೇವಾರಿ ಮಾಡಲಾರಂಭಿಸಿತು. ಹಿಂಡಿನ ಮುಂದಾಳು ಹೋತವು ಕಿಟಕಿಯೊಳಗೆ ತಲೆ ಹಾಕಲಾಗಿ, ಅದರ ಕಿವಿಯ ಗುರುತುಬಿಲ್ಲೆಯ ಸಂಖ್ಯೆಯು ಶ್ರೀಮತಿ ಆಯ್‌ಜಾರ್ಕಿನ್ ಅವರ ದೃಷ್ಟಿಗೆ ಬಿತ್ತು. ಕೂಡಲೇ ಪ್ರಶ್ನೆಯ ಷರತ್ತನ್ನು ಬದಲಿಸಿ, ಬಿ2 ಸೆಲ್‌ನಲ್ಲಿ ಒಡೆಯನ ಹೆಸರಿನ ಬದಲು, ಭಂಡಾರದಲ್ಲಿ ಆ ಹೆಸರಿನೊಂದಿಗೇ ದಾಖಲಾಗಿರುವ ಹೋತದ ಸಂಖ್ಯೆಯನ್ನು ತುಂಬಲಾಯಿತು. ಪರವಾನಗಿ ಹೊರಬಂದಿತು. ಚಾಲಕರು ಅದನ್ನು ಓದಿ "ಅಯ್ಯೋ, ಇದೇನಾ! ನಮ್ಮಪ್ಪನ ಹೆಸರೂ ಇದೇ ಅಲ್ವಾ!" ಎಂದು ಉದ್ಗರಿಸಿ, ಹೆಸರನ್ನು ಗಟ್ಟಿಯಾಗಿ ಹೇಳುವಷ್ಟರಲ್ಲಿ ಮಹಿಳಾ ಸಿಬ್ಬಂದಿ ಕಿವಿ ಮುಚ್ಚಿಕೊಂಡಿರುತ್ತಾರೆ.

7. ಇನ್ನು ಮುಂದೆ ಬಿ2 ಸೆಲ್‌ನಲ್ಲಿ ಹೋತಗಳಿಗೆ ಮಾತ್ರ ಪ್ರವೇಶ. ಒಡೆಯರನ್ನು ಹೋತದ ಜೊತೆಗಾರರೆಂದು ಪರಿಗಣಿಸತಕ್ಕದ್ದು. ಹೋತಗಳಿಗೆ ಕುಲದ ಯಾವುದೇ ಹಿರಿಯರ ಹೆಸರನ್ನು ಇಡತಕ್ಕದ್ದಲ್ಲ.

8. ಗೇಟು ಮುಚ್ಚುವ ಮುನ್ನ ಹಿಂಡು ದಾಟಿರುತ್ತದೆ. ಹೋತ ಮುಂದೆ, ಹಿರಿಯರು ಹಿಂದೆ. ಹೋಗುವಾಗ ಅವರು ಕಿಟಕಿಯಲ್ಲಿ ಒಂದು ಚರ್ಮದ ಚೀಲ ಕುಮಿಸ್ ಇಟ್ಟು, "ನನ್ನ ಸೊಸೆಗೆ ಎಷ್ಟು ಮರ್ಯಾದೆ ನೋಡ್ರೋ!" ಎಂದು ಕೂಗಿದ್ದನ್ನು ದೂರು ಮುಕ್ತಾಯವೆಂದು ದಾಖಲಿಸಲಾಗಿದೆ. ಚೀಲವನ್ನು ಕೀಲಿಮಣೆಯಿಂದ ದೂರ ಇಡಲಾಗಿದೆ.

9. ವಿಷಯದ ಸಾಲಿನಲ್ಲಿ ಬಿಟ್ಟ ಜಾಗವು ಮುದ್ರಣದೋಷವಲ್ಲ.

ಸಹಿ/-
(ನುರ್‌ಜಮಾಲ್)
ಕಚೇರಿ ಮುಖ್ಯಸ್ಥೆ
ಹಾಗೂ ಸದರಿ ಹಿರಿಯರ ಹಿರಿಸೊಸೆ

ಪ್ರತಿಗಳು:
1) ಚಾಲಕ ಬೈಜಿಗಿತ್ ಅವರಿಗೆ: ತಂದೆಯವರನ್ನು ಕಚೇರಿ ಆವರಣದಲ್ಲಿ ಹೆಸರು ಹಿಡಿದು ಸ್ಮರಿಸದಿರಲು ಕೋರಿ.
2) ಪಶುವೈದ್ಯರ ಕೆಂಪು ಕುದುರೆಗೆ: ಓದಿ ಹೇಳುವುದು; ಕಾಗದದ ಪ್ರತಿ ಕೊಡತಕ್ಕದ್ದಲ್ಲ.
3) ಮುಂದಾಳು ಹೋತಕ್ಕೆ: ವಂದನೆಗಳೊಂದಿಗೆ.
4) ಹೋತದ ಜೊತೆಗಾರರಿಗೆ: ಹೋತದ ಮುಖಾಂತರ.